ಉಮ್ಮರಾಕರ ಮರದ ಸೌಟು

೧೯೯೬, ಡಿಸೆಂಬರ್ ತಿಂಗಳ ಎರಡನೆಯ ಶುಕ್ರವಾರ. ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಸ್ಥಳ, ದೋಹಾದ ಹೊರಗೆ ಅಲ್ ವುಕೈರ್ ದಾಟಿ ದಕ್ಷಿಣಕ್ಕೆ ಹೋದರೆ ಸಿಗುವ ಉಪ್ಪುನೆಲ. ಹಾಜರಿದ್ದವರು ಉಮ್ಮರಬ್ಬ, ಅವರ ತಮ್ಮಂದಿರಾದ ಇಬ್ರಾಹಿಂ ಮತ್ತು ಶರೀಫ್, ನಾನು. ಇಬ್ರಾಹಿಂ ಆರು ವಾರಗಳ ಮೇಲೆ ಬಂದಿದ್ದ. ಬಂದವನು ಪಿಕಪ್ಪಿನ ಬಾಗಿಲಿಗೆ ಒರಗಿ ನಿಂತಿದ್ದ, ಒಂದು ಸ್ಪ್ಯಾನರನ್ನೂ ಮುಟ್ಟಿರಲಿಲ್ಲ.

ಮಂಜು ನೆಲದಿಂದಲೇ ಏಳುತ್ತಿತ್ತು. ಹತ್ತು ಹೆಜ್ಜೆ ಆಚೆ ಏನೂ ಇರಲಿಲ್ಲ. ನಮ್ಮ ಹಸಿರು ಕಾರು ಚಕ್ರಗಳಿಲ್ಲದೆ, ಹಾಲಿನ ಮೇಲೆ ತೇಲುವ ಹಾಗೆ ಕಾಣುತ್ತಿತ್ತು. ಅದರ ಬಾನೆಟ್ಟಿನ ಮೇಲೆ ಬಾಗಿ, ಕೈಯಲ್ಲಿ ಗಂಜಿ ತಿರುವುವ ಮರದ ಸೌಟು ಹಿಡಿದು, ಕಣ್ಣು ಮುಚ್ಚಿ ನಿಂತಿದ್ದರು ಉಮ್ಮರಬ್ಬ.

ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಸೌಟು. ಆದರೆ ಕೆಲಸ ಕ್ರಮವಾಗಿ ಆಗಬೇಕು. ಮೊದಲು ಅವರ ಪರಿಚಯ.

ಉಳ್ಳಾಲದ ಕಡಲ ಬದಿಯಲ್ಲಿ ಅವರ ತಂದೆ ಮೀನುಗಾರಿಕೆ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದರಂತೆ. ಸೌಟಿನ ಬಟ್ಟಲನ್ನು ಕಿವಿಗೆ ಒತ್ತಿಕೊಂಡು, ಹಿಡಿಯ ತುದಿಯನ್ನು ಓಡುವ ಎಂಜಿನ್ನಿಗೆ ತಾಗಿಸಿದರೆ ಒಳಗಿನ ಒಂದೊಂದು ಭಾಗದ ಸದ್ದೂ ಬೇರೆಬೇರೆಯಾಗಿ ಕೇಳುತ್ತದೆ. ಆ ವಿದ್ಯೆಯನ್ನು ತಂದೆಯಿಂದ ಕಲಿತ ಉಮ್ಮರಬ್ಬ ಎಪ್ಪತ್ತರ ದಶಕದಲ್ಲಿ ದೋಹಾಕ್ಕೆ ಬಂದು, ಕೈಗಾರಿಕಾ ಪ್ರದೇಶದ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆದರು. ಆಮೇಲೆ ಒಬ್ಬೊಬ್ಬರಾಗಿ ತಮ್ಮಂದಿರನ್ನು ಕರೆಸಿಕೊಂಡರು. ತಮ್ಮಂದಿರು ಅವರನ್ನು ಕಾಕ ಎನ್ನುತ್ತಿದ್ದರು. ಅವರ ಬ್ಯಾರಿ ಮಾತಿನಲ್ಲಿ ಹಾಗೆಂದರೆ ಅಣ್ಣ. ಊರಿನವರಿಗೆಲ್ಲ ಅವರು ಉಮ್ಮರಾಕ.

ನನಗೆ ಅವರು ಸಿಕ್ಕಿದ್ದು ನನ್ನ ಹಳೆಯ ಕಾರಿನಿಂದ. ನಾನು ಹದಿನೇಳು ವರ್ಷ ವಾಯುಪಡೆಯಲ್ಲಿ ವಿಮಾನಗಳ ಕೆಳಗೆ ಮಲಗಿ ಎದ್ದವನು. ನಿವೃತ್ತನಾಗಿ ದೋಹಾಕ್ಕೆ ಬಂದು, ದೂರದ ರಾಸ್ ಲಫಾನ್ ಬಂದರಿನ ಒಬ್ಬ ಗುತ್ತಿಗೆದಾರರ ವಾಹನ ವಿಭಾಗಕ್ಕೆ ಸೇರಿದ್ದೆ. ಅಲ್ ಅಜೀಜಿಯಾದ ಮನೆಯಿಂದ ಬೆಳಿಗ್ಗೆ ನಾಲ್ಕೂಕಾಲಿಗೆ ಹೊರಡುವುದು, ಒಂಬತ್ತಕ್ಕೆ ಮಲಗುವುದು. ಅಂಥವನ ಕಾರು ಒಂದು ದಿನ ಹೊರಡಲಿಲ್ಲ. ಉಮ್ಮರಾಕ ಬಂದು ಹೇಗೋ ಎಂಜಿನ್ ಶುರು ಮಾಡಿ, ಸೌಟು ಹಚ್ಚಿ ಕೇಳಿ, "ಇದಕ್ಕೆ ಕಾಯಿಲೆ ಇಲ್ಲ ಸಾರ್ಜೆಂಟರೇ, ಬೇಜಾರು. ದಿನಾ ಒಂದೇ ದಾರಿ, ಒಂದೇ ಸ್ಪೀಡು. ಶುಕ್ರವಾರ ನಮ್ಮ ಜೊತೆ ಉಪ್ಪಿಗೆ ಕರ್ಕೊಂಡು ಬನ್ನಿ, ನೀವೂ ಬನ್ನಿ" ಎಂದರು.

ಹೀಗೆ ನಾನು ಅವರ ತಂಡ ಸೇರಿದೆ. ತಂಡ ಎಂದರೆ ಒಂದು ಮನೆಯವರೇ. ಎಂಜಿನ್ ಉಮ್ಮರಾಕರದು. ಹೊರಮೈಯ ತಗಡು ಮತ್ತು ಚಕ್ರ ಇಬ್ರಾಹಿಮನದು. ಓಡಿಸುವವನು ಕಿರಿಯವ ಶರೀಫ್. ಲಾರಿಗೆ ಸಾಮಾನು ಕಟ್ಟುವ ಪಟ್ಟಿಯನ್ನು ಎರಡು ಪದರ ಹೊಲಿದು ಸೀಟ್ ಬೆಲ್ಟ್ ಮಾಡಿಕೊಟ್ಟವರು ಉಮ್ಮರಾಕರ ಹೆಂಡತಿ ಐಸಮ್ಮ. ಸೌಟಿನ ಮೂಲ ಒಡತಿಯೂ ಅವರೇ. "ರೇಸಿನವರಿಗೆ ಗಂಜಿ ಬೇಕಾದ್ರೆ ಸ್ಪ್ಯಾನರಲ್ಲಿ ತಿರುಗಿಸಿ ಕೊಡ್ತೇನೆ" ಎಂದು ಅವರು ಒಳಗಿನಿಂದ ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಚಳಿಗಾಲದ ಶುಕ್ರವಾರಗಳಲ್ಲಿ, ಜುಮಾ ನಮಾಜಿಗೆ ಮೊದಲು ಮುಗಿಯುವ ಹಾಗೆ ಆ ಓಟ ನಡೆಯುತ್ತಿತ್ತು. ಎಣ್ಣೆಯ ಖಾಲಿ ಡ್ರಮ್ಮುಗಳನ್ನಿಟ್ಟು ಮಾಡಿದ ದೊಡ್ಡ ವೃತ್ತ. ಹನ್ನೆರಡು ಸುತ್ತು. ಗ್ಯಾರೇಜುಗಳವರು ತಾವೇ ಕಟ್ಟಿದ ಹತ್ತು ಹನ್ನೆರಡು ಕಾರುಗಳು. ನಿಯಮ ಒಂದೇ: ಹೊರಗಿನಿಂದ ನೋಡಿದರೆ ಅಂಗಡಿಯಲ್ಲಿ ಕೊಂಡ ಮಾಮೂಲಿ ಕಾರಿನ ಹಾಗೆ ಇರಬೇಕು, ಒಳಗೆ ಮಾತ್ರ ನಿಮ್ಮ ಕೈಯ ಕೆಲಸ. ಅಬು ನಾಸರ್ ಎಂಬ ಮುದುಕರು ಒಂಟೆ ಕೋಲೆತ್ತಿ "ಯಲ್ಲಾ" ಎಂದರೆ ಶುರು. ಗೆದ್ದವರಿಗೆ ಒಂದು ಹರಿವಾಣ ಮಾಂಸದ ಅನ್ನ. ಅದನ್ನು ಸೋತವರೂ ಕೂತು ತಿನ್ನುತ್ತಿದ್ದರು.

ಅವರ ಮೊದಲ ಕಾರು ಯಾರೋ ಬಿಟ್ಟುಹೋದ ಟ್ಯಾಕ್ಸಿ. ಎರಡನೆಯದು ಭೂಮಿಯೊಳಗಿದೆ. ಇದು ನಿಜ. ಒಂದು ವರ್ಷ ಮಳೆ ಬಿದ್ದ ಮಾರನೆಯ ದಿನ ಅದು ದಾರಿ ತಪ್ಪಿ ಹಸಿ ಉಪ್ಪುಕೆಸರಿಗೆ ಇಳಿಯಿತು. ಟ್ರ್ಯಾಕ್ಟರ್ ತರುವಷ್ಟರಲ್ಲಿ ಬಾಗಿಲಿನವರೆಗೆ ಮುಳುಗಿತ್ತು, ಎಳೆದಷ್ಟೂ ಇಳಿಯಿತು. ಕೊನೆಗೆ ಮೇಲಿನ ಮಾಡು ಮಾತ್ರ ಹೊರಗೆ ಉಳಿಯಿತು. ಬಿಸಿಲೇರಿದ ಮೇಲೆ ದೂರದಿಂದ ನೋಡಿದರೆ ಆ ಮಾಡಿನ ಸುತ್ತ ನೀರು ಹೊಳೆಯುತ್ತಿತ್ತು, ಹತ್ತಿರ ಹೋದರೆ ನೀರಿಲ್ಲ. ಅಲ್ಲಿ ಹಾದುಹೋಗುವಾಗಲೆಲ್ಲ ಉಮ್ಮರಾಕ ಪಿಕಪ್ ನಿಧಾನ ಮಾಡಿ ಸಲಾಂ ಹೇಳುತ್ತಿದ್ದರು. "ಮಲಗಿದ್ದಾಳೆ. ಎಬ್ಬಿಸುದು ಬೇಡ."

ಮೂರನೆಯದು ಈ ಹಸಿರಿನದು. ಅದರ ಬಾಗಿಲಿನ ಮೇಲೆ ಇಬ್ರಾಹಿಂ ತನ್ನ ಕೈಯಿಂದ ಕನ್ನಡದಲ್ಲಿ 'ಉಳ್ಳಾಲ' ಎಂದು ಬರೆದಿದ್ದ. ಅಬು ನಾಸರ್ ಅದನ್ನು ಬಹಳ ಹೊತ್ತು ನೋಡಿ, ಇಷ್ಟು ವೇಗದ ಗಾಡಿಗೆ ಬಸವನಹುಳುಗಳ ಚಿತ್ರ ಯಾಕೆ ಎಂದು ಕೇಳಿದ್ದರು.

ನಾನು ಸೇರಿದ ಮೇಲೆ ಎರಡು ಕೆಲಸ ಮಾಡಿದೆ. ಗ್ಯಾರೇಜಿನ ಗೋಡೆಗೆ ಒಂದು ಹಲಗೆ ಹೊಡೆದು, ಪ್ರತಿ ಉಪಕರಣಕ್ಕೂ ಮೊಳೆ ಬಡಿದು, ಅದರ ಆಕಾರವನ್ನು ಹಿಂದೆ ಕಪ್ಪು ಬಣ್ಣದಲ್ಲಿ ಬರೆದೆ. ಒಂದು ಕಾಣೆಯಾದರೂ ಗೋಡೆಯೇ ಹೇಳುತ್ತದೆ. ವಿಮಾನದ ಕೆಲಸದಲ್ಲಿ ಹಾಗೆ. ಎಣಿಕೆ ಸರಿಯಾಗುವವರೆಗೆ ವಿಮಾನ ಏರುವುದಿಲ್ಲ, ಯಾರೂ ಮನೆಗೆ ಹೋಗುವುದಿಲ್ಲ. ಒಟ್ಟು ಮೂವತ್ತೆರಡು ಉಪಕರಣಗಳು. ಮೂವತ್ತೆರಡನೆಯದು ಸೌಟು. ಅದರ ಆಕಾರವನ್ನೂ ಬರೆದಾಗ ಉಮ್ಮರಾಕ ಹೊಟ್ಟೆ ಹಿಡಿದು ನಕ್ಕರು.

ಎರಡನೆಯದು, ಓಟಕ್ಕೆ ಮುಂಚೆ ನೋಡಬೇಕಾದ ಹತ್ತೊಂಬತ್ತು ಅಂಶಗಳ ಪಟ್ಟಿ. ಅದನ್ನು ಓದಿ ಅವರು ಕೇಳಿದರು: "ಸಾರ್ಜೆಂಟರೇ, ಇದರಲ್ಲಿ ಉಸಿರಾಡುದು ಎಷ್ಟನೇ ನಂಬರು?"

ಪಟ್ಟಿಗೆ ಸೇರದ ಒಂದು ತಪಾಸಣೆ ಇತ್ತು. ಎಲ್ಲ ಮುಗಿದ ಮೇಲೆ ಎಂಜಿನ್ ನಿಲ್ಲಿಸಿ, ನಾವು ಕಾರನ್ನು ಮೆಲ್ಲಗೆ ತಳ್ಳುತ್ತಿದ್ದೆವು. ಉಮ್ಮರಾಕ ಪಕ್ಕದಲ್ಲಿ ತಲೆ ತಗ್ಗಿಸಿ ನಡೆಯುತ್ತ ನಾಲ್ಕು ಚಕ್ರಗಳ ಸದ್ದು ಕೇಳುತ್ತಿದ್ದರು. ಒಳಗಿನ ಬೇರಿಂಗ್ ಒಣಗಿದ್ದರೆ ಸಣ್ಣ ಗೊರಕೆ ಬರುತ್ತದೆ. ಇದನ್ನೂ ಬರೆಯೋಣ ಎಂದಿದ್ದೆ. "ಕಿವಿಯ ಕೆಲಸಕ್ಕೆ ಕಾಗದ ಎಂತಕ್ಕೆ?" ಎಂದರು. ನಾನು ಬಿಟ್ಟೆ.

ಅವರ ಕಿವಿಯ ವಿಷಯ ನನಗೆ ಮೊದಲು ಗೊತ್ತಾದದ್ದು ಬಾಂಗಿನಿಂದ. ಎದುರಿನ ಮಸೀದಿಯಲ್ಲಿ ಬಾಂಗಿನ ಮೊದಲ ಸ್ವರ ಏಳುವಾಗಲೇ ಕೈಯಲ್ಲಿದ್ದದ್ದನ್ನು ಕೆಳಗಿಡುತ್ತಿದ್ದ ಮನುಷ್ಯ, ೧೯೯೫ರ ಸುಮಾರಿಗೆ ಇಬ್ರಾಹಿಮನ ಕೈಗಳನ್ನು ನೋಡತೊಡಗಿದರು. ಇಬ್ರಾಹಿಂ ಕೈ ಒರೆಸಿಕೊಂಡರೆ ಇವರೂ ಏಳುವರು. ಒಂದು ಗುರುವಾರ ಸಂಜೆ ಹೋದಾಗ ಗ್ಯಾರೇಜಿನಲ್ಲಿ ಅವರೊಬ್ಬರೇ ಇದ್ದರು. ಎಂಜಿನ್ ಓಡುತ್ತಿತ್ತು. ಸೌಟಿನ ಬಟ್ಟಲು ಎಂಜಿನ್ನಿನ ಮೇಲಿತ್ತು, ಹಿಡಿಯ ತುದಿ ಅವರ ಹಲ್ಲುಗಳ ನಡುವೆ. ಕಣ್ಣು ಮುಚ್ಚಿತ್ತು. ತೆರೆದಾಗ ನಾನು ಎದುರಿಗಿದ್ದೆ.

"ರುಚಿ ನೋಡ್ತಿದ್ದೇನೆ" ಎಂದರು.

ನಾನು ನಗಲಿಲ್ಲ. ಕೇಳಲೂ ಇಲ್ಲ. ವಿಮಾನದ ಸದ್ದಿನಲ್ಲಿ ಕಿವಿ ಕಳೆದುಕೊಂಡವರನ್ನು ನಾನು ಕಂಡಿದ್ದೆ, ಅದನ್ನು ಅವರು ಹೇಗೆ ಮುಚ್ಚಿಡುತ್ತಾರೆಂಬುದನ್ನೂ ಕಂಡಿದ್ದೆ. ಎಂಜಿನ್ನಿನ ಮಿಡಿತ ಹಲ್ಲಿನಿಂದ ತಲೆಗೆ ಹೋಗುತ್ತದೆ, ಅದು ಸರಿ. ಆದರೆ ಉರುಳುವ ಚಕ್ರಕ್ಕೆ ಹಲ್ಲು ಹಚ್ಚುವುದು ಹೇಗೆ? ಈ ಪ್ರಶ್ನೆ ಅಂದೇ ಏಳಬೇಕಿತ್ತು. ಪಟ್ಟಿ ಬರೆದವನು ನಾನು. ಗೌರವವೆಂದುಕೊಂಡು ಸುಮ್ಮನಿದ್ದೆ.

೧೯೯೬ರ ಚಳಿಗಾಲದ ಮೊದಲ ಓಟದಲ್ಲಿ, ಏಳನೆಯ ಸುತ್ತಿನಲ್ಲಿ, ಮುಂದಿನ ಎಡಚಕ್ರ ಕಳಚಿತು. ಕಾರು ಎಡಮಗ್ಗುಲಿಗೆ ಬಿದ್ದು, ಬಿಳಿಯ ಧೂಳೆಬ್ಬಿಸುತ್ತ ಬಹಳ ದೂರ ಜಾರಿತು. ಚಕ್ರ ಮಾತ್ರ ತನ್ನ ಪಾಡಿಗೆ ತಾನು ಮರೀಚಿಕೆಯೊಳಗೆ ಉರುಳಿಹೋಯಿತು. ಐಸಮ್ಮನವರ ಪಟ್ಟಿ ಶರೀಫನನ್ನು ಉಳಿಸಿತು. ಹೆಗಲೆಲುಬು ಮುರಿದಿತ್ತು. ಆ ಚಕ್ರದ ಬೇರಿಂಗ್ ಕೂರಿಸಿದ್ದವನು ಇಬ್ರಾಹಿಂ.

ನೋವಿನಲ್ಲೇ ಶರೀಫ್ ಹೇಳಿದ: "ಎಂತ ಇಬ್ರಾಯಾಕ, ಬೇರಿಂಗ್ ಕೂರಿಸುವಾಗ ನಿದ್ದೆಯಾ?"

"ಸರಿಯಾಗಿಯೇ ಕೂರಿಸಿದ್ದು. ಬೆಳಿಗ್ಗೆ ಕಾಕ ಪಕ್ಕದಲ್ಲಿ ನಡ್ಕೊಂಡು ಕೇಳಲಿಲ್ವಾ?"

"ಅದೇ ಹೇಳುದು. ಕಾಕನಿಗೆ ಕೇಳದ ಶಬ್ದ ಉಂಟಾ? ಆಮೇಲೆ ನೀನೇ ಎಂತದೋ ಬಿಚ್ಚಿದ್ದಿ."

ಇಬ್ರಾಹಿಂ ಅಣ್ಣನ ಮುಖ ನೋಡಿದ. ಅಣ್ಣ ಒಂದು ಮಾತು ಹೇಳಿದ್ದರೆ ಸಾಕಿತ್ತು. ಉಮ್ಮರಾಕ ಕಾಲ ಕೆಳಗಿನ ಉಪ್ಪನ್ನು ನೋಡುತ್ತ ನಿಂತರು. ಮಾತು ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ನಿಂತರೋ, ನಾನು ತೀರ್ಮಾನಿಸಲಾರೆ. ಇಬ್ರಾಹಿಂ ಅಂದು ಸಂಜೆ ಬೇರೆ ಗ್ಯಾರೇಜಿಗೆ ಹೋದ. ಹದಿನೈದು ವರ್ಷ ಮೂವರೂ ಒಂದೇ ಹರಿವಾಣದಲ್ಲಿ ಉಂಡಿದ್ದರು.

ಮುಂದಿನ ಆರು ವಾರ ಉಮ್ಮರಾಕ ಒಬ್ಬರೇ ಕಾರು ರಿಪೇರಿ ಮಾಡಿದರು. ತಗಡಿನ ಕೆಲಸ ಅವರ ಕೈಗೆ ಬಾರದು. ಜಜ್ಜಿದ ಎಡಭಾಗ ಹಳೆಯ ಪಾತ್ರೆಯ ಹಾಗಾಯಿತು, 'ಉಳ್ಳಾಲ'ದ ಅರ್ಧ ಅಳಿಸಿಹೋಯಿತು. ಕೊನೆಗೆ ನನಗೆ ಹೇಳಿದರು: "ಶುಕ್ರವಾರ ಅವನನ್ನು ಕರ್ಕೊಂಡು ಬನ್ನಿ ಸಾರ್ಜೆಂಟರೇ. ನಾನು ಕರೆದ್ರೆ ಬರುದಿಲ್ಲ." ನಾನು ಹೋಗಿ ಕರೆದೆ. "ನೋಡ್ಲಿಕ್ಕೆ ಬರ್ತೇನೆ. ಕೈ ಹಾಕುದಿಲ್ಲ" ಎಂದ ಇಬ್ರಾಹಿಂ.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ.

ಶರೀಫ್ ಸ್ಟಿಯರಿಂಗ್ ಹಿಡಿದು ಕೂತು ಎಂಜಿನ್ ಶುರು ಮಾಡಿದ. ನಾನು ಹತ್ತೊಂಬತ್ತು ಅಂಶಗಳಿಗೂ ಗುರುತು ಹಾಕಿದೆ. ಉಮ್ಮರಾಕ ಸೌಟನ್ನು ಎಂದಿನಂತೆ ಕಿವಿಗೆ ಹಿಡಿದರು. ಸ್ವಲ್ಪ ಹೊತ್ತು ಹಾಗೇ ನಿಂತು, ಅದನ್ನು ತಿರುಗಿಸಿದರು. ಬಟ್ಟಲನ್ನು ಎಂಜಿನ್ನಿನ ಮೇಲಿಟ್ಟು, ತಮ್ಮಂದಿರಿಬ್ಬರ ಎದುರಿಗೇ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದರು.

ಶರೀಫ್ ಮೊದಲು ನಕ್ಕ. "ಕಾಕ, ಐಸಮ್ಮಾತ ಇವತ್ತು ನಾಷ್ಟಾ ಕೊಡಲಿಲ್ವಾ?"

ಉಮ್ಮರಾಕ ಎಂಜಿನ್ ನಿಲ್ಲಿಸುವಂತೆ ಕೈಸನ್ನೆ ಮಾಡಿದರು. ನಿಂತಿತು. ಮಂಜಿನಲ್ಲಿ ಯಾರದೋ ಕಾರಿನ ಬಾಗಿಲು ಮುಚ್ಚಿದ ಸದ್ದು ಬಂತು. ಅವರು ಆ ಕಡೆ ತಿರುಗಲಿಲ್ಲ.

"ಇಬ್ರಾಯಿ, ನನ್ನ ಕಿವಿ ಖಲಾಸ್" ಎಂದರು. "ಎರಡು ವರ್ಷ ಆಯ್ತು. ಹತ್ತಿರ ನಿಂತು ಮಾತಾಡಿದ್ರೆ ಬಾಯಿ ನೋಡಿ ಗೊತ್ತಾಗ್ತದೆ. ಎಂಜಿನ್ ಹಲ್ಲಿಗೆ ಸಿಕ್ತದೆ. ಚಕ್ರ ಸಿಗುದಿಲ್ಲ. ಅವತ್ತು ನಾನು ಪಕ್ಕದಲ್ಲಿ ನಡೆದದ್ದು ಹೌದು. ಏನೂ ಕೇಳಲಿಲ್ಲ. ಎಲ್ಲ ಸರಿ ಉಂಟು ಅಂತ ಹೇಳಿದೆ."

ಇಬ್ರಾಹಿಂ ಪಿಕಪ್ಪಿನ ಬಾಗಿಲಿನಿಂದ ಬೆನ್ನು ತೆಗೆದ. ಆಮೇಲೆ ಅಣ್ಣನ ಎದುರಿಗೆ ಬಂದು, ತುಟಿ ಕಾಣುವಂತೆ ನಿಂತು ಕೇಳಿದ: "ಅವತ್ತೇ ಯಾಕೆ ಹೇಳಲಿಲ್ಲ?"

"ಕಿವಿ ಹೋದವನಿಗೆ ಗ್ಯಾರೇಜಲ್ಲಿ ಎಂತ ಕೆಲಸ? ಚಾ ತರುದು. ಹೆದರಿದೆ."

"ನಾನು ಆರು ವಾರ ನಿದ್ದೆ ಮಾಡಲಿಲ್ಲ ಕಾಕ. ಒಂದೊಂದು ನಟ್ಟನ್ನೂ ತಲೆಯಲ್ಲಿ ಬಿಚ್ಚಿ ಬಿಚ್ಚಿ ನೋಡಿದೆ."

"ಗೊತ್ತುಂಟು. ಅದಕ್ಕೇ ಹೇಳಿದ್ದು. ಇನ್ನು ನೀನು ನಡಿ." ಉಮ್ಮರಾಕ ಕಾರಿನ ಪಕ್ಕದ ಜಾಗ ತೋರಿಸಿದರು. "ಅಲ್ಲಿ. ನಾನು ನಡೀತಿದ್ದ ಜಾಗದಲ್ಲಿ."

ಶರೀಫ್ ಕಾರಿನಿಂದ ಇಳಿದು ಬಂದ. ಇಬ್ರಾಹಿಮನ ಮುಖ ನೋಡದೆ ಹಿಂಬದಿಗೆ ಹೋಗಿ ಕೈ ಊರಿದ. "ನಾನು ತಳ್ತೇನೆ ಇಬ್ರಾಯಾಕ. ನೀನು ಕೇಳು" ಎಂದ. ಅವನಿಂದ ಅಷ್ಟೇ ಬಂತು.

ನಾವು ಮೂವರು ತಳ್ಳಿದೆವು, ಉಮ್ಮರಾಕರೂ ಸೇರಿ. ಇಬ್ರಾಹಿಂ ತಲೆ ತಗ್ಗಿಸಿ ಪಕ್ಕದಲ್ಲಿ ನಡೆದ. ಉಪ್ಪಿನ ಪದರ ಹಪ್ಪಳದ ಹಾಗೆ ಮುರಿಯುತ್ತಿತ್ತು. ಮೂವತ್ತು ಹೆಜ್ಜೆಯಾದ ಮೇಲೆ ಅವನು ಕೈಯೆತ್ತಿದ. ಹಿಂದಿನ ಬಲಚಕ್ರ ಬಿಚ್ಚಿಸಿದ, ಒಳಗೆ ಸಿಕ್ಕಿದ್ದ ಕಡಲೆಯಷ್ಟು ಕಲ್ಲನ್ನು ತೆಗೆದು ಅಣ್ಣನ ಅಂಗೈಯಲ್ಲಿಟ್ಟ. ಮತ್ತೆ ಚಕ್ರ ಹಾಕಿ ತಾನೇ ಬಿಗಿ ಮಾಡಿದ. ಎದ್ದವನು ಜಜ್ಜಿದ ತಗಡಿನ ಮೇಲೆ ಕೈಯಾಡಿಸಿ, "ಇದನ್ನು ಯಾರು, ಕುರುಡರು ಬಡಿದದ್ದಾ?" ಎಂದ.

"ಅಲ್ಲ, ಕಿವುಡರು" ಎಂದರು ಉಮ್ಮರಾಕ.

ಏಳೂವರೆಗೆ ಓಟ ಶುರುವಾಯಿತು. ಮಂಜು ಪೂರ್ತಿ ಕರಗಿರಲಿಲ್ಲ. ಕಾರುಗಳು ಕನಸಿನಲ್ಲಿ ಬಂದಂತೆ ಬಂದು, ಬಣ್ಣವಾಗಿ, ಮತ್ತೆ ಬಿಳಿಯಾಗಿ ಹೋಗುತ್ತಿದ್ದವು. ಉಮ್ಮರಾಕ ಸೌಟನ್ನು ಉಪ್ಪುನೆಲಕ್ಕೆ ಊರಿ, ಮಂಡಿಯೂರಿ ಕೂತು, ಹಿಡಿಯನ್ನು ಹಲ್ಲಿನಲ್ಲಿ ಹಿಡಿದರು. "ಬರ್ತಿದ್ದಾಳೆ" ಎಂದು ಅವರು ಬೆರಳೆತ್ತಿದ ಎಷ್ಟೋ ಹೊತ್ತಿನ ಮೇಲೆ ಹಸಿರು ಕಾರು ಮಂಜಿನಿಂದ ಹೊರಬರುತ್ತಿತ್ತು. ಹನ್ನೆರಡು ಸುತ್ತಿನಲ್ಲೂ ಹಾಗೇ. ನಾನೂ ಒಮ್ಮೆ ಸೌಟು ತೆಗೆದುಕೊಂಡು ಕಚ್ಚಿದೆ. ನನ್ನದೇ ರಕ್ತದ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ನಮ್ಮ ಕಾರು ನಾಲ್ಕನೆಯದಾಗಿ ಬಂತು. ಅನ್ನ ಬೇರೆಯವರು ಗೆದ್ದರು. ಮೂವರು ಅಣ್ಣತಮ್ಮಂದಿರು ಒಂದೇ ಕಡೆಯಿಂದ ಕೈ ಹಾಕಿ ಉಂಡರು.

ಅದೇ ಉಮ್ಮರಾಕ ಮೈದಾನಕ್ಕೆ ಬಂದ ಕೊನೆಯ ಸಲ. ಬೇಸಿಗೆಗೆ ಮುಂಚೆ ಐಸಮ್ಮನವರ ಜೊತೆ ಉಳ್ಳಾಲಕ್ಕೆ ಹೋದರು. ಮುಂದಿನ ಚಳಿಗಾಲ ಶುರುವಾಗುವಷ್ಟರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಇಬ್ರಾಹಿಂ ಮತ್ತು ಶರೀಫ್ ಆ ವರ್ಷವೂ ಕಾರು ಓಡಿಸಿದರು. ಇಬ್ರಾಹಿಂ ಪಕ್ಕದಲ್ಲಿ ನಡೆದು ಚಕ್ರದ ಸದ್ದು ಕೇಳಿದ. ಮುಳುಗಿದ ಕಾರಿನ ಹತ್ತಿರ ಪಿಕಪ್ ನಿಧಾನವಾದಾಗ ನಾವು ಮೂವರೂ ಸಲಾಂ ಹೇಳಿದೆವು.

ಡಿಸೆಂಬರಿನ ಆ ಶುಕ್ರವಾರ ಇನ್ನೂ ಉಳಿದಿದ್ದ ಕೆಲಸ ಎರಡು. ಜುಮಾ ಮುಗಿಸಿ ಅವರು ಗ್ಯಾರೇಜಿಗೆ ಬಂದ ಮೇಲೆ, ಉಮ್ಮರಾಕ ಹೇಳಿದಂತೆ ಪಟ್ಟಿಗೆ ಇಪ್ಪತ್ತನೆಯ ಅಂಶ ಸೇರಿಸಿದೆ: ಚಕ್ರದ ಸದ್ದು, ಇಬ್ರಾಹಿಂ. ಆಮೇಲೆ ಉಪಕರಣಗಳ ಎಣಿಕೆ. ಮೂವತ್ತೊಂದು ಬಂತು. ಮತ್ತೆ ಎಣಿಸಿದೆ. ಹಲಗೆಯ ಕೊನೆಯಲ್ಲಿ ಸೌಟಿನ ಕಪ್ಪು ಆಕಾರ ಖಾಲಿಯಾಗಿತ್ತು. ತಿರುಗಿ ನೋಡಿದರೆ ಉಮ್ಮರಾಕ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ದಾಟುತ್ತಿದ್ದರು, ಮನೆಯ ಕಡೆಗೆ. ಕೂಗಿದರೆ ಅವರಿಗೆ ಕೇಳುತ್ತಿರಲಿಲ್ಲ. ನಾನು ಕೂಗಲೂ ಇಲ್ಲ.

ಎಣಿಕೆಯ ಪುಸ್ತಕದಲ್ಲಿ 'ಮೂವತ್ತೆರಡು, ಸರಿ' ಎಂದು ಬರೆದು ಸಹಿ ಹಾಕಿದೆ. ಮೂರು ಗಂಟೆ ಐದು ನಿಮಿಷಕ್ಕೆ ಶಟರ್ ಎಳೆದು ಬೀಗ ಹಾಕಿದೆ.