ಒಂಬತ್ತೂವರೆಗೆ ಹೊರಡುವ ಅಮ್ಮ

ಬೆಳಿಗ್ಗೆ ಒಂಬತ್ತೂವರೆ. ಗ್ಯಾಸ್ ಸಿಲಿಂಡರ್ ತಂದವನು ಖಾಲಿಯದನ್ನು ಹೆಗಲಿಗೇರಿಸಿಕೊಂಡು ಹೊರಟ. ಗೇಟಿನ ಚಿಲಕ ಹಾಕಲಿಲ್ಲ. ನಾನು ಅಡುಗೆಮನೆಯಲ್ಲಿ ರೆಗ್ಯುಲೇಟರ್ ಕೂರಿಸಿ, ಸಣ್ಣ ಉರಿಯಲ್ಲಿ ಹಾಲಿಟ್ಟು ಆಚೆ ಬಂದೆ. ವರಾಂಡದ ಕುರ್ಚಿ ಖಾಲಿ.

ಅಮ್ಮ ಇರಲಿಲ್ಲ.

ಆ ಹೊತ್ತಿಗೆ ಅವಳು ಯಾಕೆ ಎದ್ದು ಹೋದಳು ಎಂಬುದನ್ನು ಮೊದಲು ಹೇಳಬೇಕು. ಅಮ್ಮ ಪಾವಗಡ ಕಡೆಯ ನಮ್ಮೂರಿನಲ್ಲಿ ಅಂಗನವಾಡಿ ಟೀಚರಾಗಿದ್ದಳು. ಸಹಾಯಕಿಯ ಹುದ್ದೆ ಬಹುಕಾಲ ಖಾಲಿಯೇ ಇತ್ತು. ತಾಯಂದಿರು ಬೆಳಿಗ್ಗೆಯೇ ಕೂಲಿಗೆ ಹೋಗಿಬಿಟ್ಟಿರುತ್ತಿದ್ದರು. ಹಾಗಾಗಿ ಅಮ್ಮನೇ ಒಂಬತ್ತೂವರೆಗೆ ಹೊರಟು, ಒಂದೊಂದು ಹೊಸ್ತಿಲಿಗೂ ಹೋಗಿ, ಮೂಗು ಒರೆಸಿ, ಒಬ್ಬನನ್ನು ಸೊಂಟಕ್ಕೇರಿಸಿ, ಇನ್ನಿಬ್ಬರ ಕೈ ಹಿಡಿದು ಕರೆತರುತ್ತಿದ್ದಳು. ಸೆರಗಿನ ಗಂಟಿನಲ್ಲಿ ಹುರಿದ ಕಡ್ಲೆಕಾಯಿ ಬೀಜ, ಬೆಲ್ಲದ ಚೂರು. ಅಳುವ ಮಗುವಿಗೆ ಒಂದು ಚೂರು ಬೆಲ್ಲ. ಯಾರನ್ನೂ ಕೇಳಬೇಕಾಗಿರಲಿಲ್ಲ. ಟೀಚರಮ್ಮ ಎತ್ತಿಕೊಂಡು ಹೋದಳು ಅಂದರೆ ಮಗು ಊಟ ಮಾಡಿಕೊಂಡು ಬರುತ್ತದೆ ಎಂದಷ್ಟೇ ಅರ್ಥ.

ನಿವೃತ್ತಿಯಾದ ಮೇಲೂ ಅದೇ ಹೊತ್ತಿಗೆ ಹೊರಡುತ್ತಿದ್ದಳು. ಊರಿನವರು ನಕ್ಕರು. ನಾವೂ ನಕ್ಕೆವು. ಆಮೇಲೆ ಅಪ್ಪನ ತಿಥಿಯ ದಿನ ಎಲೆಗಳ ಮುಂದೆ ನಿಂತು, "ನಿಮ್ಮಪ್ಪ ಎಲ್ಲೋದ್ರೇ? ಇಷ್ಟೊತ್ತಾದ್ರೂ ಊಟಕ್ಕೆ ಬರ್ಲಿಲ್ಲ" ಎಂದಳು. ಯಾರೂ ನಗಲಿಲ್ಲ.

ತುಮಕೂರಿನಲ್ಲಿ ಎಂಆರ್‌ಐ ಆಯಿತು. ನ್ಯೂರಾಲಜಿಸ್ಟ್ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, "ಆಲ್ಜೈಮರ್ಸ್. ಡಿಮೆನ್ಶಿಯಾದಲ್ಲಿ ಒಂದು ಬಗೆ" ಎಂದರು. ಗುಣವಾಗುತ್ತಾ ಎಂದೆ. "ಮಾತ್ರೆ ಬರ್ಕೊಡ್ತೀನಿ. ವಾದ ಮಾತ್ರ ಮಾಡ್ಬೇಡಿ. ಅವರು ಎಲ್ಲಿದ್ದಾರೋ ಅಲ್ಲಿಗೆ ನೀವೇ ಹೋಗ್ಬೇಕು." ನಾನು ತಲೆಯಾಡಿಸಿದೆ. ಅರ್ಥವಾಗಿರಲಿಲ್ಲ.

ಅಮ್ಮನನ್ನು ಮಧುಗಿರಿಗೆ ಕರೆತಂದೆವು. ನನ್ನ ಗಂಡ ಇಲ್ಲಿನ ಕೋರ್ಟಿನಲ್ಲಿ ಗುಮಾಸ್ತರು. ನಾನು ಪಿಯು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಬೆಟ್ಟದ ಬುಡದಿಂದ ಆಚೆಗೆ ಹೊಸದಾಗಿ ಎದ್ದ ಲೇಔಟಿನಲ್ಲಿ ಬಾಡಿಗೆ ಮನೆ. ಅಲ್ಲಿ ಯಾರಿಗೂ ಯಾರೂ ಗೊತ್ತಿಲ್ಲ. ನಿಮ್ಮ ತಾಯಿಗೆ ಏನಾಗಿದೆ ಎಂದು ಕೇಳಿದವರಿಗೆ ಬಿಪಿ ಎಂದು ಹೇಳುತ್ತಿದ್ದೆವು. ನಿಜ ಹೇಳಿದರೆ ಮನೆ ಖಾಲಿ ಮಾಡಿಸುತ್ತಾರೆಂಬ ಭಯ. ಆ ವಾರ ಎಲ್ಲರ ಫೋನುಗಳಲ್ಲೂ ಒಂದು ವಾಯ್ಸ್ ಮೆಸೇಜು ಓಡಾಡುತ್ತಿತ್ತು: ಮಕ್ಕಳ ಕಳ್ಳರು ಬಂದಿದ್ದಾರೆ, ಹೆಂಗಸರೂ ಇದ್ದಾರೆ, ತಿಂಡಿ ಕೊಟ್ಟು ಎತ್ತಿಕೊಂಡು ಹೋಗುತ್ತಾರೆ. ನಮಗೂ ಬಂದಿತ್ತು. ಕೇಳಿ ಅಳಿಸಿದ್ದೆ.

ಗೇಟಿನಾಚೆ ನಿಂತಾಗ ಹಿಂದಿನ ಬೀದಿಯಿಂದ ಗಲಾಟೆ ಕೇಳಿಸಿತು. ಓಡಿದೆ. ಫೋನು ಅಡುಗೆಮನೆಯ ಕಟ್ಟೆಯ ಮೇಲೇ ಉಳಿಯಿತು.

ಕರೆಂಟು ಕಂಬಕ್ಕೆ ಒರಗಿಸಿ ನಿಲ್ಲಿಸಿದ್ದರು. ಅಮ್ಮನ ಕೂದಲು ಬಿಚ್ಚಿ ಮುಖದ ಮೇಲೆ ಬಿದ್ದಿತ್ತು. ಒಬ್ಬ ಅವಳ ಎರಡೂ ಕೈಗಳನ್ನು ಕಂಬದ ಹಿಂದಕ್ಕೆ ಎಳೆದು ಹಿಡಿದಿದ್ದ. ಇನ್ನೊಬ್ಬ ಬೈಕಿನ ಹಿಂದೆ ಕಟ್ಟಿದ್ದ ಹಗ್ಗ ಬಿಚ್ಚುತ್ತಿದ್ದ. ಸುತ್ತ ಫೋನುಗಳು ಮೇಲೆದ್ದಿದ್ದವು. ಪಕ್ಕದಲ್ಲಿ ಒಬ್ಬ ಹೆಂಗಸು ಎರಡು ವರ್ಷದ ಮಗುವನ್ನು ಎದೆಗೊತ್ತಿಕೊಂಡು ಗಳಗಳನೆ ಅಳುತ್ತಿದ್ದಳು. ಮಗುವಿನ ಅಂಗೈಗೆ ಬೆಲ್ಲ ಅಂಟಿಕೊಂಡಿತ್ತು.

"ಅದ್ರಲ್ಲಿ ಮತ್ತಿನ ಪುಡಿ ಬೆರೆಸಿರ್ತಾರೆ ಕಣ್ಲಾ."

"ಹೆಸ್ರು ಹೇಳೇ. ಊರ್ಯಾವ್ದು? ಆಧಾರ್ ಕಾರ್ಡ್ ಐತಾ?"

ಅಮ್ಮನಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನೇ ಆರಿಸಿ ಆರಿಸಿ ಕೇಳುತ್ತಿದ್ದರು. ಅವಳು ಬಾಯಿ ಬಿಡಲಿಲ್ಲ. ಬಾಯಿ ಬಿಡದ್ದಕ್ಕೆ ಕೆನ್ನೆಗೆ ಏಟು ಬಿತ್ತು.

"ಬಿಡಿ, ಅವರು ನಮ್ಮಮ್ಮ" ಎಂದು ಜನರ ನಡುವೆ ನುಗ್ಗಿದೆ. ಹಗ್ಗದವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿಮ್ಮಮ್ಮನಾ? ಕೇಳೇಬುಡಾಣ. ಏ ಅಜ್ಜಿ, ಇವ್ಳು ಯಾರು ಹೇಳು?"

ಅಮ್ಮ ಕೂದಲಿನ ಸಂದಿನಿಂದ ನನ್ನನ್ನು ನೋಡಿದಳು. ಅವಳ ತವರು ಆಂಧ್ರದ ಗಡಿಗೆ ಅಂಟಿಕೊಂಡ ಊರು. ಕಾಯಿಲೆ ಹೆಚ್ಚಿದಂತೆ ಬಾಲ್ಯದ ತೆಲುಗು ವಾಪಸು ಬಂದಿತ್ತು.

"ಎವರಮ್ಮಾ ನುವ್ವು?" ಎಂದಳು. ಯಾರಮ್ಮ ನೀನು?

ಜನ ಒಂದು ಹೆಜ್ಜೆ ಹತ್ತಿರ ಬಂದರು.

"ನೋಡ್ಲಾ, ಗುರ್ತೇ ಇಲ್ಲ ಅಂತವ್ಳೆ. ಇವ್ಳೂ ಅದೇ ಗ್ಯಾಂಗು." ಫೋನುಗಳು ನನ್ನ ಕಡೆ ತಿರುಗಿದವು. ಯಾರೋ ನನ್ನ ತೋಳು ಹಿಡಿದರು. ನಾನು ಕಿರುಚಿದೆ. "ಅಮ್ಮಾ, ನಾನು ಸುಧಾ. ನಿನ್ನ ಮಗಳು ಕಣಮ್ಮ, ಸರಿಯಾಗಿ ನೋಡು."

"ನನ್ ಮಗ್ಳು ಚಿಕ್ಕೋಳು" ಎಂದಳು ಅಮ್ಮ. "ಇಸ್ಕೂಲಿಗೆ ಹೋಗವ್ಳೆ."

ಯಾರೋ ನಕ್ಕರು. ಎಷ್ಟೋ ಸದ್ದುಗಳು ಮರೆತುಹೋಗಿವೆ, ಆ ನಗು ಹೋಗಿಲ್ಲ. ಕೈ ಬಿಡಿಸಿಕೊಳ್ಳಲು ಅಮ್ಮ ಮೈ ತಿರುಚಿದಳು, ಅವನು ಇನ್ನಷ್ಟು ಎಳೆದ. ಅವಳ ಬಾಯಿಂದ ಬಂದ ಕೂಗು ಮನುಷ್ಯರದ್ದಾಗಿರಲಿಲ್ಲ. ಆ ಕೂಗಿಗೂ ಜನ ಹಿಂದೆ ಸರಿಯಲಿಲ್ಲ. ಹಗ್ಗ ಬಿಚ್ಚಿ ಮುಗಿದಿತ್ತು. ಕಟ್ಟಿದ ಮೇಲೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅಂಥ ವಿಡಿಯೋಗಳನ್ನು ಎಲ್ಲರಂತೆ ನಾನೂ ನೋಡಿದವಳೇ.

ಆಗ ನಾನು ಮಗಳಾಗಿರುವುದನ್ನು ಬಿಟ್ಟೆ.

ಅವಳ ಎದುರಿಗೆ, ಕಣ್ಣಿಗೆ ಕಾಣುವ ಹಾಗೆ ನಿಂತೆ. ದನಿ ತಗ್ಗಿಸಿದೆ. ಅಷ್ಟು ತಗ್ಗಿಸಲು ಹೇಗೆ ಸಾಧ್ಯವಾಯಿತೋ ಗೊತ್ತಿಲ್ಲ.

"ಟೀಚರಮ್ಮ, ಮಕ್ಳೆಲ್ಲ ಬಂದು ಕೂತವ್ರೆ. ಒಲೆ ಮೇಲೆ ಹಾಲಿಟ್ಟಿದೀನಿ. ನೀವು ಬಂದ್ರೆ ಕೊಡಾಣ ಅಂತ."

ಅಮ್ಮನ ಮುಖ ಬೇರೆಯಾಯಿತು. "ಉಕ್ಕಿಸ್ಬುಟ್ಟಿಯೇನೇ?"

"ಸಣ್ಣ ಉರೀಲಿ ಇಟ್ಟಿದೀನಿ."

"ಇವ್ರು ಈ ಕೂಸ್ನ ಬುಡ್ತಾ ಇಲ್ವಲ್ಲ."

"ಅದ್ಕೆ ಇವತ್ತು ಮೈ ಬೆಚ್ಚಗೈತೆ. ಅವರಮ್ಮನ ಹತ್ರಾನೇ ಇರ್ಲಿ."

ಅಮ್ಮ ಒಪ್ಪಿದಳು. ಮಗುವಿನ ತಾಯಿಯ ಕಡೆ ತಿರುಗಿ, ಕೆಲಸದ ದನಿಯಲ್ಲಿ, "ನಾಳೆ ತಲೆಗೆ ಎಣ್ಣೆ ಹಚ್ಚಿ ಕಳ್ಸವ್ವ. ತೂಕ ಕಮ್ಮಿ ಐತೆ ಕೂಸು. ದಿನಾ ಒಂದು ಮೊಟ್ಟೆ ತಿನ್ಸು" ಎಂದಳು.

ಕಂಬದ ಹಿಂದಿನ ಕೈ ಸಡಿಲಿತು. ಅವನಿಗೆ ನಾಚಿಕೆಯಾಗಿತ್ತು ಎಂದುಕೊಳ್ಳುವಷ್ಟು ಒಳ್ಳೆಯವಳು ನಾನಲ್ಲ. ಮುಂದೇನು ಮಾಡಬೇಕೋ ತೋಚದೆ ಬಿಟ್ಟ, ಅಷ್ಟೆ. ಹಗ್ಗದವನು ಹಗ್ಗ ಸುತ್ತುತ್ತಾ, "ಕರ್ಕೊಂಡೋಗಮ್ಮ. ಇಂಥೋರ್ನ ಮನೇಲಿ ಕೂಡಾಕ್ಬಾರ್ದಾ?" ಎಂದ.

ಮನೆಯಲ್ಲಿ ಹಾಲು ಇಂಗಿ, ಪಾತ್ರೆ ಸೀದು ಕರಿಯಾಗಿತ್ತು. ಅಮ್ಮ ನನ್ನನ್ನು ಬೈದಳು. ಅವಳ ಬಲಗೈ ಮಣಿಕಟ್ಟು ಊದುತ್ತಿತ್ತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡ್ಯೂಟಿ ಡಾಕ್ಟರ್ ಫ್ರಾಕ್ಚರ್ ಎಂದರು. ಹುಡುಗಿಯಂಥ ಡಾಕ್ಟರ್.

"ಅಜ್ಜಿ ಹೇಗೆ ಬಿದ್ರು?"

"ಬೀಳ್ಲಿಲ್ಲ" ಎಂದೆ.

ಆಕೆ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಆಮೇಲೆ ಪ್ಲಾಸ್ಟರನ್ನು ತಾವೇ ಹಾಕಿದರು.

ಪೊಲೀಸರಿಗೆ ದೂರು ಕೊಟ್ಟೆವು. ಹೆಸರುಗಳು, ಸಾಕ್ಷಿಗಳು ಬೇಕೆಂದರು. ನನ್ನ ಗಂಡ ಹಿಂದಿನ ಬೀದಿಯಲ್ಲೆಲ್ಲ ಕೇಳಿಕೊಂಡು ಬಂದರು. ಒಬ್ಬರು ತೋಟಕ್ಕೆ ಹೋಗಿದ್ದರು, ಒಬ್ಬರು ಸ್ನಾನಕ್ಕೆ, ಒಬ್ಬರು ಐ.ಡಿ.ಹಳ್ಳಿಗೆ ಮದುವೆಗೆ. ಅಷ್ಟು ಜನ ನಿಂತಿದ್ದ ಜಾಗದಲ್ಲಿ ಯಾರೂ ಇರಲೇ ಇಲ್ಲ.

ಅಲ್ಲಿಂದ ಮುಂದೆ ನಿದ್ದೆ ಇಲ್ಲವಾಯಿತು. ಅಮ್ಮ ಪ್ಲಾಸ್ಟರನ್ನು ಯಾರದೋ ಕೈ ಎಂದುಕೊಂಡು ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದಳು. ನಡೆದದ್ದು ಅವಳ ನೆನಪಿನಲ್ಲಿಲ್ಲ. ಮೈ ಮಾತ್ರ ಮರೆತಿರಲಿಲ್ಲ. ಹಿಂದಿನಿಂದ ಯಾರು ಹೋದರೂ ಬೆಚ್ಚಿಬೀಳುತ್ತಿದ್ದಳು. ನಾನು ಗೇಟಿನ ಸದ್ದಿಗೆ ಕಿವಿಗೊಟ್ಟು ಮಲಗಿರುತ್ತಿದ್ದೆ. ಬೀಗ ಹಾಕಿದ್ದೇನೆಂದು ಗೊತ್ತಿದ್ದರೂ ಎದ್ದು ಹೋಗಿ ಮುಟ್ಟಿ ನೋಡುತ್ತಿದ್ದೆ. ನಾನು ಹಾಲನ್ನು ಒಲೆಯ ಮೇಲೆ ಇಡದೇ ಹೋಗಿದ್ದರೆ ಬಾಯಿಗೆ ಆ ಮಾತು ಬರುತ್ತಿತ್ತೇ ಎಂದು ಯೋಚಿಸುತ್ತಿದ್ದೆ. ಈಗಲೂ ಯೋಚಿಸುತ್ತೇನೆ.

ಆವತ್ತಿನ ವಿಡಿಯೋ ಕೊರಟಗೆರೆಯಿಂದ ನನಗೇ ಬಂತು. ಕಳಿಸಿದವಳು ನನ್ನ ಚಿಕ್ಕಮ್ಮನ ಮಗಳು. "ನಿಮ್ಮ ಮಧುಗಿರೀಲಿ ಮಕ್ಕಳ ಕಳ್ಳಿ ಸಿಕ್ಕಿದ್ದಾಳಂತೆ ಅಕ್ಕ, ಹುಷಾರು." ಬೇಸಿಗೆ ರಜೆಯಲ್ಲಿ ಅಮ್ಮನ ಕೈತುತ್ತು ತಿಂದು ಬೆಳೆದವಳು. ನಾನು ಅಲ್ಲಿಗೆ ತಲುಪುವ ಮೊದಲು ತೆಗೆದ ವಿಡಿಯೋ; ಅಮ್ಮನ ಮುಖದ ಮೇಲೆ ಕೂದಲಿತ್ತು, ಗುರುತಿಸಲಿಲ್ಲ. "ಅದು ನಿನ್ನ ದೊಡ್ಡಮ್ಮ ಕಣೇ" ಎಂದು ಬರೆದೆ. ಓದಿದ ಗುರುತಿನ ಎರಡು ನೀಲಿ ಗೆರೆ ಬಂತು. ಸಂಜೆ ಫೋನ್ ಮಾಡಿ ಅತ್ತಳು. ನೀನು ಯಾರ್ಯಾರಿಗೆ ಕಳಿಸಿದ್ದೀಯೋ ಅವರಿಗೆಲ್ಲ ನಿಜ ಹೇಳು ಎಂದೆ. ಹೇಳಿದಳೇನೋ. ಕಳ್ಳಿ ಎಂಬ ಸುದ್ದಿ ಶಿರಾ ದಾಟಿ ಹೋಯಿತು. ಕಾಯಿಲೆ ಎಂಬ ಸುದ್ದಿ ನಮ್ಮ ಲೇಔಟನ್ನೂ ಪೂರ್ತಿ ಸುತ್ತಲಿಲ್ಲ.

ಅದನ್ನು ಸುತ್ತಿಸಬೇಕಾದವರು ನಾವೇ ಎಂದು ಗೊತ್ತಾಯಿತು. ಅಮ್ಮನ ಫೋಟೋ ಹಿಡಿದು ಇಬ್ಬರೂ ಮನೆ ಮನೆಗೆ ಹೋದೆವು. ಇವರು ನಮ್ಮ ತಾಯಿ, ಆಲ್ಜೈಮರ್ಸ್ ಅಂತ ಮರೆವಿನ ಕಾಯಿಲೆ ಇದೆ, ಒಂದೊಂದು ಸಲ ಹೊರಗೆ ಬಂದುಬಿಡುತ್ತಾರೆ. ಬಂದರೆ ಸುತ್ತುವರಿಯಬೇಡಿ, ಹಿಂದಿನಿಂದ ಹಿಡಿಯಬೇಡಿ. ಒಬ್ಬರೇ ಎದುರಿಗೆ ಬಂದು ಮೆಲ್ಲಗೆ ಮಾತಾಡಿಸಿ. ಹೆಸರು, ಊರು ಕೇಳಬೇಡಿ. ನೆರಳಿನಲ್ಲಿ ಕೂರಿಸಿ, ನೀರು ಕೊಟ್ಟು, ನಮಗೆ ಫೋನ್ ಮಾಡಿ. ಹೇಳಿ ಹೇಳಿ ಬಾಯಿಪಾಠವಾಯಿತು. ಒಬ್ಬರು ಕಾಫಿ ಕೊಟ್ಟರು. ಒಬ್ಬಾಕೆ ಅಂಟುತ್ತಾ ಎಂದು ಕೇಳಿದಳು. "ಅರಳು ಮರಳು ಅನ್ನಿ, ಅದ್ಕೆ ಇಂಗ್ಲಿಷ್ ಹೆಸ್ರು ಯಾಕೆ" ಎಂದ ಮುದುಕನೊಬ್ಬ. ಬಾಗಿಲಲ್ಲಿ ನಿಂತ ಬೈಕು ನೋಡಿ ಹಗ್ಗದವನ ಮನೆ ಎಂದು ಗೊತ್ತಾಯಿತು; ಅವನ ಹೆಂಡತಿ ಫೋಟೋ ನೋಡದೆಯೇ ಹೂಂ ಎಂದಳು.

ಆ ಮಗುವಿನ ತಾಯಿಯ ಮನೆಗೆ ಕೊನೆಗೆ ಹೋದೆವು. ಕವಿತಾ ಎಂದು ಹೆಸರು. ಗ್ರಿಲ್ಲಿನ ಬೀಗ ತೆಗೆಯದೆಯೇ ಮಾತಾಡಿದಳು.

"ನೀವು ಹೇಳೋದು ಸರಿ ಅಕ್ಕ. ನಾನು ಒಳ್ಗೆ ದೋಸೆ ಹುಯ್ತಾ ಇದ್ದೆ. ಈಚೆ ಬಂದ್ರೆ ಮಗು ಇಲ್ಲ. ಆವತ್ತಿಂದ ನಂಗೂ ನಿದ್ದೆ ಇಲ್ಲ."

ನಾನೂ ಒಲೆಯ ಮುಂದಿಂದ ಎದ್ದು ಬಂದು ಖಾಲಿ ಕುರ್ಚಿ ನೋಡಿದವಳು.

"ಮತ್ತೆ ಬಂದ್ರೆ ಏನಂತ ಹೇಳ್ಲಿ?" ಎಂದಳು.

"ಏನಾದ್ರೂ ಹೇಳಿ. ವಾದ ಮಾತ್ರ ಮಾಡ್ಬೇಡಿ."

ಪ್ಲಾಸ್ಟರ್ ತೆಗೆಸಿ ಕೆಲವು ದಿನಗಳಾಗಿದ್ದವು. ಒಂದು ಬೆಳಿಗ್ಗೆ ನನ್ನ ಗಂಡ ಬೈಕು ಆಚೆ ತೆಗೆದು, ಹೆಲ್ಮೆಟ್ ತರಲು ಒಳಗೆ ಬಂದರು. ಅಷ್ಟು ಸಾಕಾಯಿತು, ತೆರೆದ ಗೇಟಿನಿಂದ ಅಮ್ಮ ಹೊರಟುಬಿಟ್ಟಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು. ನಾನು ನೇರವಾಗಿ ಹಿಂದಿನ ಬೀದಿಗೆ ಓಡಿದೆ. ತಿರುವಿನಲ್ಲೇ ದನಿ ಕೇಳಿಸಿತು, ನಿಂತು ನೋಡಿದೆ.

"ಟೀಚರಮ್ಮ, ಇವತ್ತು ರಜ" ಎನ್ನುತ್ತಿದ್ದಳು ಕವಿತಾ.

"ಯಾತರ ರಜ?"

"ಎಲೆಕ್ಷನ್ನು. ಅಂಗನವಾಡೀಲಿ ಓಟು ಹಾಕ್ತಾವ್ರೆ."

"ನಂಗೆ ಮೊದ್ಲೇ ಹೇಳ್ಬಾರ್ದಾ? ಇಷ್ಟು ದೂರ ನಡ್ಸ್‌ಬುಟ್ರಿ."

ಅಮ್ಮ ಸೆರಗಿನ ಗಂಟು ಬಿಚ್ಚಿ ಬೆಲ್ಲ ಚಾಚಿದಳು. ಕವಿತಾ ಆ ಬೆಲ್ಲವನ್ನು ನೋಡಿದಳು. ಆಮೇಲೆ ತಾನೇ ಇಸಿದುಕೊಂಡು ಮುಷ್ಟಿ ಮುಚ್ಚಿದಳು. ಮಗು ಗ್ರಿಲ್ಲಿನ ಒಳಗಿತ್ತು, ಬೀಗ ಹಾಕಿತ್ತು. ಅದನ್ನು ನಾನು ತಪ್ಪೆನ್ನಲಾರೆ. ಹಗ್ಗದವನು ಬೈಕಿನಲ್ಲಿ ಬಂದವನು ವೇಗ ತಗ್ಗಿಸಿ ನೋಡಿದ. ಕವಿತಾ ಅವನಿಗೆ, "ಹೋಗಣ್ಣ ನೀನು, ಇಲ್ಲೇನೂ ಇಲ್ಲ" ಎಂದಳು. ಅವನು ಹೋದ. ಅವಳು ಅಮ್ಮನ ಎಡಗೈ ಹಿಡಿದು ನನ್ನವರೆಗೂ ನಡೆಸಿಕೊಂಡು ಬಂದಳು. ಮುರಿದಿದ್ದ ಕೈ ಯಾವುದೆಂದು ನಾನು ಹೇಳಿದ್ದು ಅವಳಿಗೆ ನೆನಪಿತ್ತು. ಥ್ಯಾಂಕ್ಸ್ ಎಂದೆ. ಅವಳು ನಿಲ್ಲಲಿಲ್ಲ.

ರಜ ಎಂದು ಗೊತ್ತಾದ ಮೇಲೆ ಅಮ್ಮ ಒಳ್ಳೆಯ ಸೀರೆ ಬಿಚ್ಚಿಟ್ಟು ಹಳೆಯದು ಉಟ್ಟಳು. ದಿನವೆಲ್ಲ ಬಾಗಿಲ ಕಡೆ ನೋಡಲಿಲ್ಲ. ಕತ್ತಲಾಗುತ್ತಲೇ ಮಲಗಿದಳು. ನಾನು ಪಕ್ಕದಲ್ಲಿ ಒರಗಿ ಗೇಟಿನ ಕಡೆ ಕಿವಿ ಇಟ್ಟಿದ್ದು ನೆನಪಿದೆ. ಆಮೇಲಿನದು ನೆನಪಿಲ್ಲ. ಎಚ್ಚರವಾದಾಗ ಕಿಟಕಿಯಲ್ಲಿ ಬೆಟ್ಟದ ಮೇಲೆ ಬಿಸಿಲು ಬಿದ್ದಿತ್ತು, ಹಾಲಿನವನು ಗೇಟು ಬಡಿಯುತ್ತಿದ್ದ. ಕವಿತಾಳ ಮನೆಯಲ್ಲೂ ನಿದ್ದೆ ಬಂತೋ ಇಲ್ಲವೋ, ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಅಮ್ಮ ಎದ್ದು ಕೂತು ನನ್ನನ್ನು ನೋಡಿದಳು. ಯಾರೆಂದು ಕೇಳಲಿಲ್ಲ.

"ಇವತ್ತೂ ರಜಾನಾ?"

"ಹೂಂ ಟೀಚರಮ್ಮ" ಎಂದೆ. "ಇವತ್ತೂ ರಜ. ಮಲಗಿ."