ಜಟ್ಟಪ್ಪ ಕೊಟ್ಟ ಮೊದಲ ವೀಳ್ಯ

ಸಾಗರದ ಪೇಟೆಯಲ್ಲಿ ಜಟ್ಟಪ್ಪನನ್ನು ಕಂಡರೆ ಆಗುವವರು ಕಡಿಮೆ. ಅದು ಅವನಿಗೂ ಗೊತ್ತಿತ್ತು. ಕಬ್ಬಿಣ ಉಜ್ಜುವ ಅರ ಸದಾ ಅವನ ಕೈಯಲ್ಲಿರುತ್ತಿದ್ದುದರಿಂದ ಜನ ಅವನನ್ನು ಅರದ ಜಟ್ಟಪ್ಪ ಎನ್ನುತ್ತಿದ್ದರು. ಮಾತೂ ಹಾಗೆಯೇ ಇತ್ತು. ತಾಗಿದ ಕಡೆ ಒಂದಿಷ್ಟು ಉದುರಿಸಿಯೇ ಬರುತ್ತಿತ್ತು.

ಹುಟ್ಟಿದ್ದು ಹೊನ್ನೆಮರಡಿನ ಆಚೆಯ ಒಂದು ಹಳ್ಳಿಯಲ್ಲಿ, ಗೇಣಿದಾರರ ಮನೆಯಲ್ಲಿ. ಶರಾವತಿಗೆ ಅಣೆಕಟ್ಟು ಕಟ್ಟುವ ಕೆಲಸ ಶುರುವಾದಾಗ ಅಲ್ಲಿನ ವರ್ಕ್‌ಶಾಪಿಗೆ ಕೂಲಿಗೆ ಹೋಗಿ ಫಿಟ್ಟರ್ ಕೆಲಸ ಕಲಿತ. ಅವನು ಕಲಿಯುತ್ತ ಹೋದಂತೆ ಕಟ್ಟೆ ಏರಿತು. ಕಟ್ಟೆ ಏರಿದಂತೆ ಅವನ ಊರಿಗೆ ನೀರು ಹತ್ತಿರ ಬಂತು. ಕೊನೆಗೆ ಊರು ಹೋಯಿತು, ಕಸುಬು ಉಳಿಯಿತು. ಯಾರಾದರೂ ಮರುಕದಿಂದ ಆ ಮಾತೆತ್ತಿದರೆ ಅವನಿಗೆ ಸಿಟ್ಟು ಬರುತ್ತಿತ್ತು. “ಮುಳುಗಿದ್ದು ಗೇಣಿ ಗದ್ದೆ. ನಂದಾಗಿತ್ತಾ ಅದು? ಒಡೇರಿಗೆ ಪರಿಹಾರ ಬಂತು, ನಂಗೆ ನೆಗಡಿ ಬಂತು” ಎನ್ನುತ್ತಿದ್ದ.

ಪೇಟೆಯ ಹೊರಗೆ ತಗಡಿನ ಶೆಡ್ಡಿನಲ್ಲಿ ಒಂದು ಕಸುಬಿನ ಶಾಲೆ ತೆರೆದಾಗ ಜಟ್ಟಪ್ಪ ಫಿಟ್ಟರ್ ವಿಭಾಗದ ಮೇಷ್ಟ್ರಾದ. ಅವನ ಬಳಿ ಕಲಿಯುವ ಹುಡುಗರಲ್ಲಿ ಹೆಚ್ಚಿನವರು ಮುಳುಗಡೆಯ ಊರುಗಳವರು. ಕಲಿಕೆ ಬಿಟ್ಟು ಮನೆಗೆ ಹೋಗಿ ಉಳುತ್ತೇನೆ ಎನ್ನಲು ಅವರಿಗೆ ಗದ್ದೆಯಿರಲಿಲ್ಲ. ನೀರು ನಿಂತ ಎರಡನೆಯ ವರ್ಷ ಮೇಲಿನಿಂದ ಆದೇಶ ಬಂತು. ಸಾಗರ, ಹೊಸನಗರ, ತೀರ್ಥಹಳ್ಳಿಯ ಮಿಲ್ಲು ವರ್ಕ್‌ಶಾಪುಗಳ ಮಾಲೀಕರು ಈ ಹುಡುಗರನ್ನು ಒಂದು ವರ್ಷ ಇಟ್ಟುಕೊಂಡು ಕೈಕೆಲಸ ಪಳಗಿಸಲು ಒಪ್ಪಬೇಕು. ಒಪ್ಪದಿದ್ದರೆ ಯುಗಾದಿಯ ಹೊತ್ತಿಗೆ ಫಿಟ್ಟರ್ ವಿಭಾಗ ಮುಚ್ಚಬೇಕು.

ಶಾಲೆಯ ಮುಖ್ಯಸ್ಥರಾದ ಚಂದ್ರಯ್ಯನವರು ಆದೇಶ ಓದಿ ಹೇಳಿ, “ನೀನೇ ಹೋಗಿ ಕೇಳು ಜಟ್ಟಪ್ಪ. ಆದ್ರೆ ಮೆಲ್ಲಗೆ ಮಾತಾಡು” ಎಂದರು.

“ಮೆಲ್ಲಗೆ ಮಾತಾಡೋರು ನೀವೇ ಇದೀರಲ್ಲ, ನೀವೇ ಹೋಗಿ.”

“ನಂಗೆ ಬಸ್ಸಲ್ಲಿ ವಾಂತಿ ಆಗ್ತದೆ ಮಾರಾಯ.”

ಜಟ್ಟಪ್ಪನೇ ಹೋದ. ಸಾಗರದಲ್ಲಿ ಬಸ್ಸುಗಳನ್ನೂ ಅವುಗಳ ವರ್ಕ್‌ಶಾಪನ್ನೂ ಇಟ್ಟಿದ್ದ ನಾಗರಾಜಪ್ಪ ಅವನನ್ನು ಕೂರಲೂ ಹೇಳಲಿಲ್ಲ. “ನಿನ್ನ ಹುಡುಗ್ರು ಬಿಚ್ಚೋದು ಕಲ್ತಿದಾರೆ. ಕಟ್ಟೋದಕ್ಕೆ ನಿಮ್ಮಪ್ಪ ಬರ್ತಾನಾ?” ಎಂದ. ಹೊಸನಗರದ ಮರದ ಮಿಲ್ಲಿನ ಗುತ್ಯಪ್ಪ, “ಸರ್ಕಾರದ ಹುಡುಗ್ರನ್ನ ಒಳಗೆ ಬಿಟ್ಕಂಡ್ರೆ ಹಿಂದಿಂದ ಸರ್ಕಾರಾನೂ ಬತ್ತದೆ” ಎಂದು ಗೇಟಿನಿಂದಲೇ ತಿರುಗಿಸಿದ. ತೀರ್ಥಹಳ್ಳಿಯಿಂದ ಮೇಳಿಗೆಗೆ ಹೋಗುವ ದಾರಿಯಲ್ಲಿ ಅಕ್ಕಿ ಮಿಲ್ಲು ನಡೆಸುತ್ತಿದ್ದ ಸೀತಾರಾಮಪ್ಪ ವಯಸ್ಸಾದವರು. ಅವರು ಮಜ್ಜಿಗೆ ಕೊಡಿಸಿದರು. ಕುಡಿದು ಮುಗಿಸಿದ ಮೇಲೆ, “ಆತಲ್ಲ, ಇನ್ನು ಹೊರಡು” ಎಂದರು.

ಈ ಮೂವರಿಗೆ ಒಬ್ಬರ ಮುಖ ಒಬ್ಬರಿಗಾಗುತ್ತಿರಲಿಲ್ಲ. ಮುಳುಗಡೆಯ ಕಾಡಿನ ಮರ ಹರಾಜಾದಾಗ ಪರಸ್ಪರ ಸವಾಲು ಏರಿಸಿ ಕೈಸುಟ್ಟುಕೊಂಡಿದ್ದರು. ಜಟ್ಟಪ್ಪ ಅದನ್ನೇ ಹಿಡಿದ. ಒಬ್ಬೊಬ್ಬರಿಗೂ, ಉಳಿದಿಬ್ಬರು ಈ ವಿಷಯಕ್ಕೆ ಸರ್ಕಾರಿ ಅಧಿಕಾರಿ ಕರೆದ ಸಭೆಗೆ ಬರುತ್ತಾರೆ ಎಂದು ಹೇಳಿ ಕಳಿಸಿದ. ಇನ್ನಿಬ್ಬರು ಏನು ಗಿಟ್ಟಿಸಿಕೊಳ್ಳುತ್ತಾರೋ ಎಂಬ ಸಂಕಟಕ್ಕೆ ಮೂವರೂ ಬಂದರು.

ಸಭೆ ಸೇರಿದ್ದು ಹೊಸನಗರದ ಒಂದು ಛತ್ರದಲ್ಲಿ. ಕೈಗಾರಿಕೆಯ ವಿಷಯ ನೋಡಿಕೊಳ್ಳಲು ಆಗಷ್ಟೇ ಮೈಸೂರು ಕಡೆಯಿಂದ ಬಂದಿದ್ದ ಶ್ಯಾಮರಾಯರು ಅಧಿಕಾರಿ. ಅವರು ಶಾಲೆ, ಮಾಲೀಕರು, ಸರ್ಕಾರ ಮೂರೂ ಒಂದೇ ನೊಗಕ್ಕೆ ಹೆಗಲು ಕೊಡಬೇಕು ಎಂದು ಬಹಳ ಹೊತ್ತು ಮಾತಾಡಿದರು. ಮಾಲೀಕರು ಆಕಳಿಸಿದರು. ಆದರೂ ಒಬ್ಬರ ಮುಂದೆ ಒಬ್ಬರು ಸಣ್ಣವರಾಗಲು ಮನಸ್ಸಿಲ್ಲದೆ, ನಾನು ಇಬ್ಬರನ್ನು ಇಟ್ಟುಕೊಂಡೇನು, ನಾನು ಮೂವರನ್ನು ಎನ್ನುವವರೆಗೆ ಬಂದರು. ಇನ್ನು ಉಳಿದಿದ್ದು ವೀಳ್ಯ ಕೊಡುವುದು.

ಆ ಸೀಮೆಯಲ್ಲಿ ಎಲೆಯಡಿಕೆ ಕೈಗೆ ಬೀಳದೆ ಯಾವ ಮಾತೂ ಗಟ್ಟಿಯಾಗದು. ಅದರಲ್ಲಿಯೂ ಮೊದಲ ವೀಳ್ಯ ಯಾರಿಗೆ ಎಂಬ ಜಗಳದಲ್ಲಿ ನಿಂತುಹೋದ ಮದುವೆಗಳಿವೆ. ಜಟ್ಟಪ್ಪ ಹರಿವಾಣ ಹಿಡಿದು ಎದ್ದನೋ ಇಲ್ಲವೋ, ಮೂವರೂ ಬೆನ್ನು ನೆಟ್ಟಗೆ ಮಾಡಿ ಕೂತರು.

“ಶಾಲೆ ನಮ್ಮ ಸಾಗರದ್ದು” ಎಂದ ನಾಗರಾಜಪ್ಪ.

“ಕೂತಿರೋದು ನಮ್ಮ ಹೊಸನಗರದ ನೆಲದ ಮೇಲೆ” ಎಂದ ಗುತ್ಯಪ್ಪ.

ಸೀತಾರಾಮಪ್ಪನವರು ಬಿಳಿಯ ಮೀಸೆ ತೀಡಿ, “ತೀರ್ಥಹಳ್ಳಿಯೋರು ಎರಡನೇ ವೀಳ್ಯ ತಗಂಡಿದ್ದು ನಾನಂತೂ ಕಂಡಿಲ್ಲ” ಎಂದರು.

ಹರಿವಾಣ ಜಟ್ಟಪ್ಪನ ಕೈಯಲ್ಲಿ ಭಾರವಾಯಿತು. ಯಾರಿಗೆ ಕೊಟ್ಟರೂ ಇಬ್ಬರು ಎದ್ದು ಹೋಗುವುದು ಖಂಡಿತ. ಆಗ ಅವನಿಗೊಂದು ಬುದ್ಧಿ ಹೊಳೆಯಿತು. ಸರ್ಕಾರಕ್ಕಿಂತ ದೊಡ್ಡವರು ಇಲ್ಲಿ ಯಾರೂ ಇಲ್ಲ, ಸರ್ಕಾರಕ್ಕೆ ಕೊಟ್ಟರೆ ಯಾರಿಗೂ ಅವಮಾನವಾಗದು. ಅವನು ನೇರ ನಡೆದು ಶ್ಯಾಮರಾಯರ ಕೈಗೆ ವೀಳ್ಯ ಇಟ್ಟ. ಅವರು ಸುಣ್ಣ ಸವರಿ ಬಾಯಿಗೆ ಹಾಕಿಕೊಂಡು, “ಎಲೆ ಚೆನ್ನಾಗಿದೆ” ಎಂದರು.

ಅದನ್ನು ಕಂಡು ಗುತ್ಯಪ್ಪ ತೊಡೆ ತಟ್ಟಿ ನಕ್ಕ.

“ಭಾರ ಇಳೀತು ಬಿಡು! ಮೊದಲ ವೀಳ್ಯ ಹಿಡಿದೋರು ಕೆಲಸ ಹೊರಬೇಕು, ಅದು ರೂಢಿ. ಸರ್ಕಾರ ಹಿಡೀತು. ಸರ್ಕಾರಾನೇ ಹುಡುಗ್ರನ್ನ ಸಾಕ್ಲಿ.”

“ನಾವಾಗಿ ಬ್ಯಾಡ ಅಂದಿಲ್ಲಪ್ಪ” ಎಂದು ನಾಗರಾಜಪ್ಪ ಶಲ್ಯ ಕೊಡವಿ ಎದ್ದ. “ನಿಮ್ಮ ಮೇಷ್ಟ್ರೇ ನಮ್ಮನ್ನ ಬಿಟ್ಟ.”

ಮೂವರು ಹಗೆಗಳು ಅಂದು ಮೊದಲ ಬಾರಿಗೆ ಒಟ್ಟಿಗೆ ಮೆಟ್ಟಿಲಿಳಿದರು. ಶ್ಯಾಮರಾಯರು ಎಲೆ ಜಗಿಯುತ್ತ, “ಏನ್ರೀ ಆಯ್ತು? ಯಾಕೆ ಹೋದ್ರು?” ಎಂದು ಕೇಳಿದರು.

ಜಟ್ಟಪ್ಪನಿಗಿಂತ ಮೊದಲು ಸುದ್ದಿ ಸಾಗರ ಮುಟ್ಟಿತ್ತು. ಅವನ ಹೆಂಡತಿ ಹೂವಮ್ಮ ಬಾಗಿಲಲ್ಲೇ ನಿಂತಿದ್ದಳು.

“ಊರು ಮುಳುಗಿಸ್ದೋರಿಗೆ ಮೊದಲ ವೀಳ್ಯ ಕೊಟ್ಟು ಬಂದ್ರಂತೆ. ಊಟ ಇಲ್ಲೋ, ಅವರ ಮನೇಲೇ ಆತೋ?”

ಅವನು ಗೋಡೆಗೆ ಒರಗಿ ಕೂತ. ಅವಳು ಅನ್ನ ಬಡಿಸಿದಳು, ಬಾಯಿ ಮಾತ್ರ ನಿಲ್ಲಿಸಲಿಲ್ಲ.

“ತಿಂದಿದ್ದು ಯಾರು? ಆ ರಾಯರು ತಾನೆ? ಹೋಗಿ ಅವರ ಬಾಗ್ಲಲ್ಲಿ ಕೂರಿ. ನನ್ನೆದುರು ಎಂತಕ್ಕೆ ಮುಖ ಊದಿಸ್ಕಂಡು ಕೂತಿದ್ದು?”

ಅವಳು ಹೇಳಿದ್ದು ಬೈಗುಳವಾಗಿ. ಅವನು ಅದನ್ನು ಹಾಗೆಯೇ ಮಾಡಿದ. ಸೋಮವಾರ ಹುಡುಗರನ್ನೆಲ್ಲ ಬಸ್ಸು ಹತ್ತಿಸಿಕೊಂಡು ಹೊಸನಗರಕ್ಕೆ ಹೋಗಿ, ಅಧಿಕಾರಿಯ ಕಚೇರಿಯ ಜಗಲಿಯಲ್ಲಿ ಸುತ್ತಿಗೆ, ಅರಗಳ ಜೊತೆ ಸಾಲಾಗಿ ಕೂರಿಸಿದ.

ಶ್ಯಾಮರಾಯರು ಕನ್ನಡಕ ಏರಿಸಿ ನೋಡಿದರು. “ಏನ್ರೀ ಇದು ಸಂತೆ?”

“ನೀವು ವೀಳ್ಯ ತಗಂಡ್ರಿ ಸ್ವಾಮಿ. ಕೆಲಸ ಕೊಡಿ.”

“ಎಲೆಯಡಿಕೆ ತಿಂದ್ರೆ ಆರ್ಡರ್ ಆಗುತ್ತೇನ್ರೀ? ತಲೆ ಕೆಟ್ಟಿದೆಯಾ?”

“ನಿಮ್ಮ ಮೈಸೂರಲ್ಲಿ ಆಗ್ದೇ ಇರ್ಬೋದು. ಇಲ್ಲಿ ಆಗ್ತದೆ.”

“ನಿನ್ನ ಸಸ್ಪೆಂಡ್ ಮಾಡಿಸ್ತೀನಿ.”

“ಮಾಡ್ಸಿ. ವಿಭಾಗ ಮುಚ್ಚಿದ್ಮೇಲೆ ನಂಗಾರೂ ಎಂತ ಕೆಲಸ ಉಂಟು?”

ಮಾರನೆಯ ದಿನವೂ ಅವನೂ ಹುಡುಗರೂ ಬಂದು ಕೂತರು. ಪೇಟೆಯ ಜನ ನೋಡಲು ನೆರೆದರು. ಗುತ್ಯಪ್ಪ ತನ್ನ ಮಿಲ್ಲಿನಿಂದ ನಡೆದು ಬಂದು, ಬೇಲಿಯಾಚೆ ನಿಂತು, “ರಾಯರೇ, ಎಲೆ ಚೆನ್ನಾಗಿತ್ತಾ?” ಎಂದು ಕೂಗಿದ. ಕಚೇರಿಯ ಜವಾನನೇ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಶ್ಯಾಮರಾಯರ ಕಿವಿ ಕೆಂಪಾದವು. ಅವರು ಜಟ್ಟಪ್ಪನನ್ನು ಒಳಗೆ ಕರೆದರು.

“ಹಿಂದಿನ ಶೆಡ್ಡಲ್ಲಿ ರೈತರಿಗೆ ಬಾಡಿಗೆ ಕೊಡೋ ಪಂಪುಗಳಿವೆ, ಒಂದು ಟ್ರಾಕ್ಟರ್ ಇದೆ. ಎಲ್ಲಾ ತುಕ್ಕು. ಹುಡುಗರು ಅವನ್ನ ರಿಪೇರಿ ಮಾಡ್ಲಿ. ಒಂದು ವರ್ಷ ನನ್ನ ಕಚೇರೀನೇ ಮಾಲೀಕ ಅಂತ ಬರೆದು ಕಳಿಸ್ತೀನಿ. ನಿನ್ನ ಮುಖ ನೋಡಿ ಅಲ್ಲ ಕಣಯ್ಯ. ಅಲ್ಲಿ ಹೊರಗೆ ನಿಂತು ನಗ್ತಿದಾನಲ್ಲ, ಅವನಿಗೋಸ್ಕರ.”

ಹಾಗೆ ಒಬ್ಬನ ಮೇಲಿನ ಸಿಟ್ಟಿಗೆ ಫಿಟ್ಟರ್ ವಿಭಾಗ ಉಳಿಯಿತು. ಪಂಪುಗಳು ನೀರೆತ್ತಿದವು. ಟ್ರಾಕ್ಟರ್ ಮಾತ್ರ ಹುಡುಗರ ಕೈಯಲ್ಲಿಯೂ ಓಡಲಿಲ್ಲ, ಜಟ್ಟಪ್ಪನ ಕೈಯಲ್ಲಿಯೂ ಓಡಲಿಲ್ಲ. ಅದಕ್ಕಾಗಿ ಶ್ಯಾಮರಾಯರು ವರ್ಷವಿಡೀ ಅವನನ್ನು ಹಂಗಿಸಿದರು. ಅವನೂ ಸುಮ್ಮನಿರಲಿಲ್ಲ. ಇಬ್ಬರೂ ಒಮ್ಮೆಯೂ ನೆಟ್ಟಗೆ ಮಾತಾಡಿದ್ದನ್ನು ಜವಾನ ಕೇಳಿಲ್ಲವಂತೆ.

ನಾಗರಾಜಪ್ಪನ ಬಸ್ಸುಗಳು ಜಟ್ಟಪ್ಪ ಕೈ ತೋರಿಸಿದರೆ ನಿಲ್ಲದಾದವು. ಎಷ್ಟೋ ಸಲ ಅವನು ಹೊಸನಗರದ ದಾರಿಯಲ್ಲಿ ಮರದ ಲಾರಿ ಹತ್ತಿ ಹೋದ. ಆದರೆ ವರ್ಷ ತುಂಬುವ ಹೊತ್ತಿಗೆ ತೀರ್ಥಹಳ್ಳಿಯಿಂದ ಸೀತಾರಾಮಪ್ಪನವರು ಚಂದ್ರಯ್ಯನವರಿಗೆ ಹೇಳಿ ಕಳಿಸಿದರು. ಅವರ ಬೀಗರ ತೋಟದಲ್ಲಿ ಪಂಪು ಸರಿಮಾಡಿದ ಬೆಳ್ಳಪ್ಪನೆಂಬ ಹುಡುಗ ಮಿಲ್ಲಿಗೆ ಬೇಕಂತೆ. ಸಂಬಳಕ್ಕೆ, ಕಾಯಮ್ಮಾಗಿ. “ಹುಡುಗ ಸಾಕು. ಮೇಷ್ಟ್ರು ಈ ಕಡೆ ತಲೆ ಹಾಕೋದು ಬ್ಯಾಡ” ಎಂದೂ ಹೇಳಿದ್ದರು.

ಚಂದ್ರಯ್ಯನವರು ಆ ಕೊನೆಯ ಮಾತನ್ನು ನುಂಗಬಹುದಿತ್ತು. ಮೆಲ್ಲಗೆ ಮಾತಾಡುವವರಾದರೂ ಅದನ್ನು ನುಂಗಲಿಲ್ಲ.

“ಅವ್ರ ಮಜ್ಜಿಗೇನೂ ಹುಳಿ ಇತ್ತು” ಎಂದ ಜಟ್ಟಪ್ಪ.

ಬೆಳ್ಳಪ್ಪ ಹೊರಟ ದಿನ ಜಟ್ಟಪ್ಪ ಬಸ್‌ಸ್ಟ್ಯಾಂಡಿಗೆ ಹೋದ. ಹುಡುಗ ಪೆಟ್ಟಿಗೆ ಕೆಳಗಿಟ್ಟು ಕಾಲಿಗೆ ಬಗ್ಗಿದ. ಜಟ್ಟಪ್ಪ ಕಾಲು ಹಿಂದಕ್ಕೆಳೆದುಕೊಂಡ.

“ನನ್ನ ಹೆಸರು ಅಲ್ಲಿ ಎತ್ಬೇಡ. ಅವ್ರು ನಂಗೆ ಬೈದ್ರೆ ನೀನೂ ಸೇರ್ಕಂಡು ಬೈ.”

“ನಾ ಬೈಯಲ್ಲ ಮೇಷ್ಟ್ರೇ.”

“ದಡ್ಡ. ಕೆಲಸ ಹೋಗ್ತದೆ. ಬೈ ಅಂದೆ, ಬೈ. ಹತ್ತು, ಬಸ್ ಹೊರಡ್ತು.”

ಬಸ್ಸು ನಾಗರಾಜಪ್ಪನದೇ. ಕಂಡಕ್ಟರ್ ಬಾಗಿಲಲ್ಲಿ ನಿಂತು ಜಟ್ಟಪ್ಪನನ್ನು ಕಂಡೂ ಕಾಣದಂತೆ ಸೀಟಿ ಊದಿದ. ಜಟ್ಟಪ್ಪ ಪೆಟ್ಟಿಗೆಯನ್ನು ತಾನೇ ಎತ್ತಿ ಒಳಗೆ ನೂಕಿ, ಬಸ್ಸು ತಿರುವು ದಾಟುವವರೆಗೆ ಅಲ್ಲೇ ನಿಂತಿದ್ದು, ಉಳಿದ ಹುಡುಗರು ಕಾಯುತ್ತಿದ್ದ ಶಾಲೆಯ ಶೆಡ್ಡಿನ ಕಡೆಗೆ ನಡೆದ.