ಪೂವಮ್ಮನ ಹೆಸರಿಗೊಂದು ಕಾರ್ಡು

ಪೂವಮ್ಮನಿಗೆ ಕಿವಿ ಕೇಳಿಸುವುದಿಲ್ಲ ಎಂದು ಕೇಶವಪ್ರಸಾದ ಮಾಸ್ತರರು ಎರಡು ವರ್ಷ ನಂಬಿದ್ದರು. ಆ ನಂಬಿಕೆಗಾಗಿ ತಮ್ಮ ಗಂಟಲನ್ನೂ ಸಾಕಷ್ಟು ಸವೆಸಿದ್ದರು.

ಮೂಡುಬಿದಿರೆಯ ಶಾಲೆಯಿಂದ ವರ್ಗವಾಗಿ, ಮಡಂತ್ಯಾರು ಪೇಟೆಯಿಂದ ಒಂದೂವರೆ ಮೈಲಿ ಒಳಗಿನ ಶಾಲೆಗೆ ಅವರು ಹೆಡ್ ಮಾಸ್ತರರಾಗಿ ಬಂದದ್ದು ಎಪ್ಪತ್ತಾರರಲ್ಲಿ. ಬಾಡಿಗೆಗೆ ಸಿಕ್ಕಿದ ಮನೆಗೆ ತಾಗಿಕೊಂಡೇ ಮುಂಡಪ್ಪನ ಮನೆ. ಅದರ ಜಗಲಿಯಲ್ಲಿ ಬೆಳಗ್ಗಿನಿಂದ ಸಂಜೆಯವರೆಗೆ ಮೂವರು ಹೆಂಗಸರು ಮಡಿಲಲ್ಲಿ ಮೊರದಂಥ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಒಬ್ಬಳು ಮುಂಡಪ್ಪನ ಹೆಂಡತಿ ಕಾಂತಿ. ಇನ್ನೊಬ್ಬಳು ಅವನ ತಂಗಿ ಪೂವಮ್ಮ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಸೇರಿದವಳು. ಮೂರನೆಯವಳು ಆಚೆ ಮನೆಯ ನಬೀಸಾ. ಅವಳಿಗೆ ಮನೆಯಲ್ಲೂ ಜಗಲಿ ಇತ್ತು, ಆದರೆ ಮಾತಿಗೆ ಜನ ಇರಲಿಲ್ಲ.

ಮಾಸ್ತರರು ಶಾಲೆಗೆ ಹೊರಟವರು ಜಗಲಿಯ ಕಡೆ ತಿರುಗಿ "ಏನು, ಕೆಲಸ ಜೋರಾ?" ಎಂದು ಕೇಳುವುದುಂಟು. ಕಾಂತಿ ನಗುತ್ತಿದ್ದಳು. ನಬೀಸಾ ಒಂದಕ್ಕೆ ನಾಲ್ಕು ಉತ್ತರ ಕೊಡುತ್ತಿದ್ದಳು. ಪೂವಮ್ಮ ಮಾತ್ರ ತಲೆ ಎತ್ತುತ್ತಿರಲಿಲ್ಲ. ಹೆಡ್ ಮಾಸ್ತರರೇ ಮಾತಾಡಿಸಿದಾಗ ತಲೆ ಎತ್ತದ ಮನುಷ್ಯರು ಭೂಮಿಯ ಮೇಲೆ ಇರಬಹುದೆಂದು ಅವರಿಗೆ ಹೊಳೆಯಲಿಲ್ಲ. ಹಾಗಾಗಿ, ಪಾಪ, ಕಿವುಡಿ ಎಂದು ತೀರ್ಮಾನಿಸಿದರು. ಮರುದಿನದಿಂದ "ಪೂವಮ್ಮಾ! ಬಿಸಿಲು ಜೋರುಂಟು!" ಎಂದು ಅವರು ಕೂಗಿದರೆ ಅಂಗಳದ ಕೋಳಿಗಳು ಚೆದುರಿ ಓಡುತ್ತಿದ್ದವು.

ನಿಜ ಏನೆಂದರೆ ಆಕೆ ಎಣಿಸುತ್ತಿದ್ದಳು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ನಡುವೆ ಲೆಕ್ಕ ತಪ್ಪಿದರೆ ಮತ್ತೆ ಒಂದರಿಂದ ಶುರು. ಮಾಸ್ತರರ ಒಂದು ನಮಸ್ಕಾರಕ್ಕೆ ಹತ್ತು ಬೀಡಿಯಷ್ಟು ಹೊತ್ತು ನಷ್ಟ. ಅಷ್ಟು ಬೆಲೆಯ ನಮಸ್ಕಾರ ಅದಲ್ಲ ಎಂದು ಆಕೆಗೆ ಅನಿಸಿತ್ತು.

ಎಪ್ಪತ್ತೇಳರಲ್ಲಿ ಬೀಡಿ ಕಟ್ಟುವವರಿಗೂ ಪಿಎಫ್ ಬಂತು. ವಾರದ ಮಜೂರಿಯಲ್ಲಿ ಒಂದಿಷ್ಟು ಹಿಡಿಯುವುದು, ಅಷ್ಟನ್ನೇ ಕಂಪೆನಿ ಸೇರಿಸುವುದು, ಕೈ ಸೋತ ಕಾಲಕ್ಕೆ ಬಡ್ಡಿ ಸಮೇತ ಕೊಡುವುದು. ಸರಕಾರಿ ನೌಕರರಿಗೆ ಮಾತ್ರ ಮುಪ್ಪು ಬರುವುದೆಂದು ತಿಳಿದಿದ್ದ ಊರಿಗೆ ಇದು ದೊಡ್ಡ ಸುದ್ದಿ. ಆದರೆ ದುಡ್ಡು ಸೇರುವುದು, ಕಟ್ಟಿದ ಬೀಡಿಯ ಲೆಕ್ಕ ಬರೆಯಲು ಕಂಪೆನಿ ಕೊಡುವ ಕಾರ್ಡಿನಲ್ಲಿ ಹೆಸರಿದ್ದವರಿಗೆ. ಮನೆಯಲ್ಲಿ ಎಷ್ಟು ಕೈಗಳು ಕಟ್ಟಿದರೂ ಮನೆಗೊಂದೇ ಕಾರ್ಡು ಇಟ್ಟುಕೊಳ್ಳುವುದು ಅಲ್ಲಿನ ರೂಢಿ. ಮುಂಡಪ್ಪನ ಮನೆಯ ಕಾರ್ಡು ಕಾಂತಿಯ ಹೆಸರಿನಲ್ಲಿತ್ತು. ಪೂವಮ್ಮ ಕಟ್ಟಿದ್ದೂ ಅದೇ ಕಾರ್ಡಿಗೆ ಹೋಗುತ್ತಿತ್ತು.

ಒಂದು ವರ್ಷ ಹಾಗೇ ಕಳೆಯಿತು. ಒಂದು ಭಾನುವಾರ ಮಾಸ್ತರರು ಬೇಲಿಯ ಹತ್ತಿರ ನಿಂತು ಮುಂಡಪ್ಪನಿಗೆ ಈ ಪಿಎಫ್ ವಿಷಯವನ್ನು ವಿವರಿಸಿದರು. ಯಾರೂ ಕೇಳದಿದ್ದರೂ ವಿವರಿಸುವುದು ಅವರ ಕ್ರಮ. ಕೊನೆಗೆ ಪೂವಮ್ಮನ ಕಡೆ ಮುಖ ತಿರುಗಿಸಿ, "ಕಾಂತಿಗಾದರೆ ಏನೋ ಒಂದು ಸೇರ್ತದೆ. ನನಗೆ ಹೇಗೂ ಪೆನ್ಶನ್ ಉಂಟು. ಈ ಕಿವಿ ಕೇಳದವಳಿಗೆ ಕಡೆಗಾಲಕ್ಕೆ ಯಾರು ಗತಿ ಮಾರಾಯ?" ಎಂದರು. ಕಿವುಡರ ಎದುರು ಮೆಲ್ಲಗೆ ಮಾತಾಡುವ ಅಗತ್ಯ ಅವರಿಗೆ ಕಾಣಲಿಲ್ಲ.

ಆ ಕ್ಷಣ ಪೂವಮ್ಮನ ಕೈ ನಿಂತಿತಂತೆ. ನಬೀಸಾ ನೋಡಿದ್ದಳು. ಮಾಸ್ತರರು ನೋಡಲಿಲ್ಲ.

ಮರುದಿನ ಸಂಜೆ ಪೂವಮ್ಮ ಅವರ ಮನೆಯ ಮೆಟ್ಟಿಲ ಕೆಳಗೆ ಬಂದು ನಿಂತಳು.

"ಮಾಷ್ಟ್ರೇ, ನನಗೊಂದು ಅರ್ಜಿ ಬರೆದು ಕೊಡಬೇಕು."

"ಎಂತ ಬೇಕು ಪೂವಮ್ಮಾ?" ಮಾಸ್ತರರು ಅಭ್ಯಾಸಬಲದಿಂದ ಕೂಗಿದರು.

"ಮೆಲ್ಲಗೆ ಹೇಳಿದರೂ ಕೇಳ್ತದೆ. ನಿನ್ನೆ ಹೇಳಿದ್ದೂ ಕೇಳಿದೆ. ನನ್ನ ಹೆಸರಿಗೊಂದು ಕಾರ್ಡು ಆಗಬೇಕು."

ಮಾಸ್ತರರಿಗೆ ಎರಡು ವರ್ಷದಲ್ಲಿ ಆ ಜಗಲಿಯ ಎದುರು ತಾವು ಏನೇನು ಆಡಿದ್ದೆವು ಎಂದು ನೆನಪಾಗತೊಡಗಿತು. ಪಟ್ಟಿ ಉದ್ದವಿತ್ತು. ಅದನ್ನು ಅಲ್ಲಿಗೇ ಬಿಟ್ಟು ಕಾಗದ ತೆಗೆದರು. ಪ್ರಾಯಶ್ಚಿತ್ತವೆಂಬಂತೆ ನಾಲ್ಕು ಪುಟದ ಅರ್ಜಿ ಬರೆದರು. ಅದರಲ್ಲಿ "ಅಬಲೆ" ಮೂರು ಸಲ, "ಘನ ಸರಕಾರ" ಐದು ಸಲ ಬಂದಿತ್ತು. ಪೂವಮ್ಮ ಅದನ್ನು ಕೈಯಲ್ಲಿ ತೂಗಿ ನೋಡಿ, "ಇಷ್ಟೆಲ್ಲ ಬೇಕಿತ್ತಾ?" ಎಂದಳು.

ಮನೆಯಲ್ಲಿ ವಿಷಯ ಗೊತ್ತಾದಾಗ ಕಾಂತಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಜಗಲಿಯಲ್ಲೇ ಕೇಳಿದಳು.

"ಒಂದು ಒಲೆಗೆ ಎರಡು ಕಾರ್ಡಾ? ನಾನೇನು ನಿನ್ನನ್ನು ಹೊರಗೆ ಹಾಕಿದ್ದೇನಾ?"

"ಹಾಕಲಿಲ್ಲ ಅತ್ತಿಗೆ. ಹಾಕದೆ ಇರುವಾಗಲೇ ಕೇಳ್ತಾ ಇರುವುದು."

ಕಾಂತಿ ತನ್ನ ಗೆರಸೆಯನ್ನು ಒಂದಿಷ್ಟು ಆಚೆ ಸರಿಸಿ ಮತ್ತೆ ಕಟ್ಟತೊಡಗಿದಳು.

ಶನಿವಾರ ಎಲ್ಲರೂ ಬೀಡಿ ಕೊಡಲಿಕ್ಕೆ ಬ್ರಾಂಚಿಗೆ ಹೋದರು. ಕಂಪೆನಿಯ ಪರವಾಗಿ ಎಲೆ, ಹೊಗೆಸೊಪ್ಪು ತೂಗಿ ಕೊಟ್ಟು, ಕಟ್ಟಿದ ಬೀಡಿ ಪರೀಕ್ಷಿಸಿ ತೆಗೆದುಕೊಳ್ಳುವ ಸಣ್ಣ ಕಟ್ಟಡವೇ ಬ್ರಾಂಚು. ಅದನ್ನು ನಡೆಸುವವನು ಶಂಭು. ಮಾಸ್ತರರೂ ಇಸ್ತ್ರಿ ಅಂಗಿ ಹಾಕಿ ಜೊತೆಗೆ ಹೋದರು. ಅರ್ಜಿ ಮಾತಾಡದಿದ್ದರೆ ತಾವು ಮಾತಾಡಬಹುದೆಂದು ಅವರ ಲೆಕ್ಕ.

ಶಂಭು ನಾಲ್ಕು ಪುಟವನ್ನೂ ಒಂದೇ ಸಲಕ್ಕೆ ಓದಿದ. ಅಂದರೆ ಮಡಚಿ, ಅಲುಗಾಡುತ್ತಿದ್ದ ತಕ್ಕಡಿಯ ಕಾಲಿನ ಅಡಿಗೆ ತುರುಕಿದ.

"ಮನೆಗೊಂದು ಕಾರ್ಡು ಸಾಕು ಮಾಷ್ಟ್ರೇ. ಹೆಸರು ಹೆಚ್ಚಾದರೆ ಕಂಪೆನಿಯವರು ನನಗೆ ಬೈತಾರೆ. ಬೀಡಿ ಕಟ್ಟುವುದು ಕಾಂತಿಯಕ್ಕ. ಇವರು ಸಹಾಯ ಮಾಡಿರಬಹುದು."

"ಸಹಾಯವಾ?" ಪೂವಮ್ಮ ಮುಂದೆ ಬಂದಳು. "ನಮ್ಮ ಮನೆಯ ಈ ವಾರದ್ದರಲ್ಲಿ ನಾಲ್ಕು ಕಟ್ಟು ಬಿಚ್ಚು. ಕಲಸು."

ಸಾಲಿನಲ್ಲಿದ್ದ ಹೆಂಗಸರು ಹತ್ತಿರ ಸರಿದರು. ಶಂಭು ನಗುತ್ತಲೇ ನಾಲ್ಕು ಕಟ್ಟು ಬಿಚ್ಚಿ ನೂರು ಬೀಡಿಯನ್ನು ಗೆರಸೆಯಲ್ಲಿ ಕಲಸಿದ. ಪೂವಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿ ಕೂತು, ಗೆರಸೆಗೆ ಕೈ ಹಾಕಿದಳು. ಒಂದೊಂದನ್ನೇ ಬೆರಳ ತುದಿಯಲ್ಲಿ ಉರುಳಿಸಿ, ಬಾಯಿ ಮಡಚಿದ ಜಾಗವನ್ನು ಉಗುರಿನಿಂದ ಮುಟ್ಟಿ, ಒಂದು ಬಲಕ್ಕೆ, ಒಂದು ಎಡಕ್ಕೆ ಇಟ್ಟಳು. ಬಲಗಡೆ ತನ್ನದು, ಎಡಗಡೆ ಅತ್ತಿಗೆಯದ್ದು.

ಶಂಭುವಿನ ನಗು ಅರ್ಧದಲ್ಲಿ ನಿಂತಿತು. ಹದಿನೈದು ವರ್ಷ ಬೀಡಿ ಪರೀಕ್ಷಿಸಿದ ಮನುಷ್ಯ. ಒಬ್ಬೊಬ್ಬರ ಕೈ ಒಂದೊಂದು ತರ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡು ರಾಶಿಯಿಂದಲೂ ನಾಲ್ಕು ನಾಲ್ಕು ತೆಗೆದು ನೋಡಿ, ಕಾಂತಿಯ ಕಡೆ ತಿರುಗಿದ.

"ಹೌದಾ ಕಾಂತಿಯಕ್ಕ?"

ಕಾಂತಿ ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಬಗ್ಗಿ ಎಡಗಡೆಯ ರಾಶಿಯನ್ನು ಬೆರಳಿನಿಂದ ಹರಡಿ ನೋಡಿದಳು. ಆಮೇಲೆ ಅದರಿಂದ ಒಂದು ಬೀಡಿ ಎತ್ತಿ ಬಲಗಡೆಗೆ ಹಾಕಿದಳು.

"ಇದೊಂದು ಅವಳದ್ದು," ಎಂದಳು. "ಮತ್ತೆಲ್ಲ ಸರಿ ಉಂಟು."

ಕಾರ್ಡು ಆಯಿತು. ಅರ್ಜಿ ತಕ್ಕಡಿಯ ಅಡಿಯಲ್ಲೇ ಉಳಿಯಿತು. ಆಮೇಲೆ ತಕ್ಕಡಿ ಅಲುಗಾಡಲಿಲ್ಲವಂತೆ. ಮಾಸ್ತರರ ಬರವಣಿಗೆಯಿಂದ ಊರಿಗೆ ಆದ ಉಪಕಾರ ಅದು.

ಪಿಎಫ್ ಫಾರ್ಮು ತುಂಬುವಾಗ "ನೀನು ತೀರಿಕೊಂಡರೆ ದುಡ್ಡು ಯಾರಿಗೆ?" ಎಂಬ ಪ್ರಶ್ನೆ ಬಂತು. ಮುಂಡಪ್ಪನ ಹೆಸರು ಬರೆಯಲು ಮಾಸ್ತರರು ಪೆನ್ನು ಊರಿಯಾಗಿತ್ತು.

"ಅತ್ತಿಗೆಗೆ," ಎಂದಳು ಪೂವಮ್ಮ.

"ಕಾಂತಿಗೆ? ಇಷ್ಟೆಲ್ಲ ಆದ ಮೇಲೆ?"

"ನಾನು ಸತ್ತರೆ ಅವಳಿಗೆ. ಸಾಯುವವರೆಗೆ ನನಗೆ. ಅಷ್ಟೇ ಬರೆಯಿರಿ."

ಆಮೇಲಿನ ಐದಾರು ವರ್ಷದಲ್ಲಿ ಹೇಳುವಂಥದ್ದು ಹೆಚ್ಚೇನೂ ನಡೆಯಲಿಲ್ಲ. ಅದೇ ಜಗಲಿ, ಅದೇ ಗೆರಸೆ. ವರ್ಷಕ್ಕೊಮ್ಮೆ ಪಿಎಫ್ ಚೀಟಿ ಬರುತ್ತಿತ್ತು. ಪೂವಮ್ಮನಿಗೆ ಓದಲು ಬಾರದು. ಮಾಸ್ತರರು ಮೊತ್ತ ಓದಲು ಹೊರಟರೆ ತಡೆದು, "ಮೊದಲು ಹೆಸರು ಓದಿ," ಎನ್ನುತ್ತಿದ್ದಳು. ಮೊತ್ತಕ್ಕೆ ಆಕೆ ಅವಸರ ಮಾಡಿದ್ದಿಲ್ಲ. ಎಂಬತ್ತನಾಲ್ಕರ ಹೊತ್ತಿಗೆ ಬೆರಳಿನ ತುದಿಗಳು ನಯವಾಗಿ, ಮರಗಟ್ಟಿದ ಹಾಗಾದವು. ಬಿಸಿ ಲೋಟ ಹಿಡಿದರೂ ಗೊತ್ತಾಗುತ್ತಿರಲಿಲ್ಲ. ಈಗ ಗೆರಸೆಯಲ್ಲಿ ಬೇರೆ ಮಾಡಲು ಹೇಳಿದರೆ ಆಗುತ್ತಿರಲಿಲ್ಲವೋ ಏನೋ.

ಅದೇ ವರ್ಷ ಮಾಸ್ತರರು ನಿವೃತ್ತರಾದರು. ಊರಿನವರ ಫಾರ್ಮುಗಳನ್ನೆಲ್ಲ ತುಂಬಿದವರು ತಮ್ಮ ಪೆನ್ಶನ್ ಕಾಗದದಲ್ಲಿ ಒಂದು ಕಡೆ ಸಹಿ ಹಾಕುವುದನ್ನೇ ಮರೆತಿದ್ದರು. ಪೆನ್ಶನ್ ತಡೆದು ನಿಂತು, ಹನ್ನೊಂದು ತಿಂಗಳು ತಾಲೂಕು ಕಚೇರಿಗೆಂದು ಬೆಳ್ತಂಗಡಿ ಬಸ್ಸಿನ ಕಿಟಕಿ ಸೀಟಿನಲ್ಲಿ ಕೂತು ಓಡಾಡಿದರು. ಜಗಲಿಯ ಎದುರು ಹಾದುಹೋಗುವಾಗ "ಕೆಲಸ ಜೋರಾ?" ಎಂದು ಕೇಳುವುದು ಆ ಹನ್ನೊಂದು ತಿಂಗಳೂ ನಿಂತಿತ್ತು. ಪೂವಮ್ಮನೂ ಏನೂ ಕೇಳಲಿಲ್ಲ. ಎರಡು ಸಲ ಮಾತ್ರ ನಬೀಸಾಳ ಕೈಯಲ್ಲಿ ಅವರ ಮನೆಗೆ ಅಕ್ಕಿ ಕಳಿಸಿದಳು, ಯಾರದ್ದೆಂದು ಹೇಳಬೇಡ ಎಂದು. ನಬೀಸಾ ಹೇಳದೆ ಇರುತ್ತಾಳೆಯೇ? ಹನ್ನೆರಡನೆಯ ತಿಂಗಳು ಪೆನ್ಶನ್ ಬಂತು.

ಎಂಬತ್ತಾರರ ಮಳೆಗಾಲದಲ್ಲಿ ಕಾಂತಿ ಹೋದಳು. ಎದೆಯ ಕಾಯಿಲೆ. ಕೊನೆಯ ನಾಲ್ಕು ತಿಂಗಳು ಅವಳನ್ನು ಎತ್ತಿ ಕೂರಿಸಿದ್ದು, ಗಂಜಿ ಕುಡಿಸಿದ್ದು ಪೂವಮ್ಮನೇ. ಕಾಂತಿಯ ಪಿಎಫ್ ಬಂದ ದಿನ ಮುಂಡಪ್ಪ ತಂಗಿಯ ಎದುರು ನಿಂತು, "ಮೊದಲಿನ ಒಂದು ವರ್ಷದ್ದು ನಿನ್ನದೂ ಇದರಲ್ಲಿ ಉಂಟು, ತಗೋ," ಎಂದ.

"ಅತ್ತಿಗೆಯ ಹೆಸರಿನಲ್ಲಿ ಇದ್ದದ್ದು ಅತ್ತಿಗೆಯದ್ದು," ಎಂದಳು ಪೂವಮ್ಮ. "ಅವಳ ವರ್ಷದ ಕಾರ್ಯ ಚೆನ್ನಾಗಿ ಮಾಡು." ಅವತ್ತು ಆಕೆ ಜಗಲಿಗೆ ಬರಲಿಲ್ಲ. ನಬೀಸಾ ಒಬ್ಬಳೇ ಕೂತು ಬೀಡಿ ಕಟ್ಟಿದಳು.

ಎಂಬತ್ತೆಂಟರಲ್ಲಿ ಪೂವಮ್ಮನಿಗೆ ಐವತ್ತೈದು ತುಂಬಿತು. ದುಡ್ಡು ಮಡಂತ್ಯಾರಿನ ಬ್ಯಾಂಕಿಗೆ ಬಂತು, ಮೂರು ಸಾವಿರದ ಚಿಲ್ಲರೆ. ಹತ್ತು ವರ್ಷದ ಬೆರಳು, ಬೆನ್ನು, ಕೆಮ್ಮು ಎಲ್ಲ ಸೇರಿ ಅಷ್ಟು. ಸಾಕ್ಷಿ ಹಾಕಲು ಮಾಸ್ತರರು ಹೋಗಿದ್ದರು, ಜೊತೆಗೆ ನಬೀಸಾ. ಹೆಬ್ಬೆಟ್ಟು ಒತ್ತಿಸಿದರೆ ಗೆರೆಯೇ ಮೂಡಲಿಲ್ಲ, ಬರೀ ಕಪ್ಪು ಬೊಟ್ಟು. ಎಲೆ ಉಜ್ಜಿ ಉಜ್ಜಿ ಗೆರೆ ಅಳಿಸಿಹೋಗಿತ್ತು. ಗುಮಾಸ್ತ ನಾಲ್ಕು ಸಲ ಒತ್ತಿಸಿ, ಕೊನೆಗೆ ಆಕೆಯ ಮುಖ ನೋಡಿ, ಮಾಸ್ತರರ ಸಹಿ ನೋಡಿ, ಆಗಲಿ ಎಂದು ಪಾಸ್‌ಬುಕ್ಕು ಕೊಟ್ಟ.

ಪೂವಮ್ಮ ಅದನ್ನು ತೆರೆದು ಮಾಸ್ತರರ ಮುಂದೆ ಹಿಡಿದಳು.

"ಮೊದಲು ಹೆಸರು."

"ಪೂವಮ್ಮ," ಎಂದು ಓದಿದರು ಮಾಸ್ತರರು.

ಆಕೆ ಪುಸ್ತಕ ಮಡಚಿ ಸೀರೆಯ ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಲ್ಲಿಗೆ ಸುಮ್ಮನಿದ್ದಿದ್ದರೆ ಮಾಸ್ತರರ ಮರ್ಯಾದೆ ಉಳಿಯುತ್ತಿತ್ತು. ಆದರೆ ಮೂವತ್ತೈದು ವರ್ಷ ಪ್ರಶ್ನೆ ಕೇಳಿಯೇ ಸಂಬಳ ಪಡೆದವರು. ಬ್ಯಾಂಕಿನ ಮೆಟ್ಟಿಲು ಇಳಿಯುತ್ತ, ಸ್ವಲ್ಪ ಗಟ್ಟಿಯಾಗಿಯೇ ಕೇಳಿದರು.

"ಅಲ್ಲ ಪೂವಮ್ಮ, ಇಷ್ಟು ದುಡ್ಡು ತಗೊಂಡು ನೀನು ಎಂತ ಮಾಡ್ತೀ?"

ಪೂವಮ್ಮ ಈ ಸಲ ತಲೆ ಎತ್ತಿ ನೋಡಿದಳು.

"ನಿಮ್ಮ ಪೆನ್ಶನ್ ಬಂದ ದಿನ ನಾನು ನಿಮ್ಮತ್ರ ಹಾಗೆ ಕೇಳಿದ್ದೇನಾ ಮಾಷ್ಟ್ರೇ?"